ಎತ್ತಿನ ಪಾಲು

ಜೂನ್ ಎರಡನೆಯ ವಾರಕ್ಕೆ ಮರಳು ಹೊತ್ತು ತರುವ ಶಮಾಲ್ ಗಾಳಿ ಎದ್ದಿತ್ತು. ಕೊಲ್ಲಿ ದೇಶದ ಐನ್ ಖಾಲಿದ್‌ನ ಬೀದಿಯಲ್ಲಿ ಖರ್ಜೂರದ ಗೊನೆಗಳಿಗೆ ಬಲೆಯ ಚೀಲ ಕಟ್ಟುವವರು ಬೆಳಕು ಹರಿಯುವ ಮೊದಲೇ ಏಣಿ ಹಾಕಿಕೊಂಡಿದ್ದರು. ಬೇಸಿಗೆಯ ಕಾನೂನಿನಂತೆ ನಡುಹಗಲಿನಲ್ಲಿ ಹೊರಗಿನ ಕೆಲಸ ಮಾಡಿಸುವಂತಿರಲಿಲ್ಲ. ಅಡುಗೆಮನೆಯ ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ಸಿಕ್ಕಿಸಿ, ಲಲಿತಮ್ಮ ರಾತ್ರಿ ನೆನೆಹಾಕಿದ್ದ ಹುರುಳಿಯನ್ನು ಜಾಲಿಸುತ್ತಿದ್ದಳು. ಕಲ್ಲೇನೂ ಸಿಗುತ್ತಿರಲಿಲ್ಲ. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಅಂಗಡಿಯ ಪ್ಯಾಕೆಟ್ಟಿನ ಕಾಳು ಅದು, ಯಂತ್ರದಲ್ಲಿ ಹಸನಾಗಿ ಬಂದದ್ದು. ಆದರೂ ಜಾಲಿಸದೆ ಒಲೆಗಿಡಲು ಅವಳ ಕೈ ಒಪ್ಪುತ್ತಿರಲಿಲ್ಲ.

ಅವಳು ನಾಗಮಂಗಲದ ಕಡೆಯ ಹಳ್ಳಿಯವಳು, ಗಂಡ ಸತ್ತವಳು. ಈ ಮನೆಗೆ ಅಡುಗೆಗೆ ಬಂದು ಎರಡು ವರ್ಷವಾಗಿತ್ತು. ಮನೆಯ ಯಜಮಾನ ಚನ್ನಕೇಶವ ಸಿವಿಲ್ ಇಂಜಿನಿಯರ್. ಮೇ ತಿಂಗಳ ಕೊನೆಗೆ ಅಲ್ ವಕ್ರಾದ ಸೈಟಿನಲ್ಲಿ ಮೆಟ್ಟಿಲು ಜಾರಿ ತೊಡೆಮೂಳೆ ಮುರಿದುಕೊಂಡಿದ್ದ. ಒಳಗೆ ಪಟ್ಟಿ ಇಟ್ಟು ಮೊಳೆ ಹೊಡೆದಿದ್ದರು. ಆಗಸ್ಟ್ ಮುಗಿಯುವುದರೊಳಗೆ ತನ್ನ ಕಾಲಮೇಲೆ ನಡೆದು ಕೆಲಸಕ್ಕೆ ಬರಬೇಕು, ಇಲ್ಲದಿದ್ದರೆ ಖಲಾಸ್ ಎಂದು ಕಂಪನಿಯಿಂದ ಕಾಗದ ಬಂದಿತ್ತು.

ಮುರಿದ ಮೂಳೆ ಕೂಡುವುದಕ್ಕೂ, ಸೊರಗಿದ ಮಾಂಸ ತುಂಬುವುದಕ್ಕೂ ಪ್ರೋಟೀನ್ ಬೇಕೆಂದು ಡಾಕ್ಟರು ಹೇಳಿದ್ದರು. ಅವನ ಹೆಂಡತಿ ಪ್ರಾರ್ಥನಾ ಒಂದು ವರ್ಷದಿಂದ ಆ ಮನೆಗೆ ಹಾಲು, ಮೊಸರು, ಎಣ್ಣೆ, ಸಕ್ಕರೆ ಯಾವುದನ್ನೂ ತರಿಸುತ್ತಿರಲಿಲ್ಲ. ಫೋನಿನಲ್ಲಿ ಯಾರದೋ ತರಗತಿ ಕೇಳಿ, ಗಿಡದಿಂದ ಬಂದದ್ದನ್ನು ಬಂದ ಹಾಗೆಯೇ ತಿನ್ನಬೇಕೆಂದು ನಿಶ್ಚಯಿಸಿದ್ದಳು. ಅದು ತಪ್ಪೆಂದು ಲಲಿತಮ್ಮನಿಗೆ ಅನ್ನಿಸಿರಲಿಲ್ಲ. ಅವಳ ಹಳ್ಳಿಯಲ್ಲಿ ಕಾಳು, ಸೊಪ್ಪು, ರಾಗಿ ತಿಂದೇ ಜನ ಬಾವಿ ತೋಡಿದ್ದರು.

ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿತ್ತು. ಹುರುಳಿ ನೂರು ಗ್ರಾಂ, ಪ್ರೋಟೀನ್ ಇಪ್ಪತ್ತೆರಡು. ತೊಗರಿಬೇಳೆ ನೂರು ಗ್ರಾಂ, ಮತ್ತೆ ಇಪ್ಪತ್ತೆರಡು. ಕಡಲೆಬೀಜ, ಬಾದಾಮಿ, ಅಕ್ಕಿ ಎಲ್ಲ ಸೇರಿ ದಿನಕ್ಕೆ ಎಪ್ಪತ್ತೆಂಟು. ಪ್ರಾರ್ಥನಾ ಆಫೀಸಿನಿಂದ ಬಂದು, ರಾತ್ರಿ ನೆನೆಹಾಕುವ ಮುನ್ನ ಪುಟ್ಟ ತಕ್ಕಡಿಯಲ್ಲಿ ಒಣ ಕಾಳನ್ನು ತಾನೇ ತೂಗಿ, ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ತೂಗಿದ ಮೇಲೆ ಆಗುತ್ತಿದ್ದುದೇ ಬೇರೆ. ರೋಗಿಗೆ ಪಥ್ಯ ಹಗುರಾಗಿರಬೇಕು, ಸತ್ವವೆಲ್ಲ ಕಟ್ಟಿನಲ್ಲಿ ಇಳಿದಿರುತ್ತದೆ ಎಂದು ಮೈಸೂರಿನ ಅವಳ ಅಜ್ಜಿ ಹೇಳುತ್ತಿದ್ದರಂತೆ. ಹಾಗಾಗಿ ಹುರುಳಿ ಬೇಯಿಸಿ ಬಸಿದು, ಆ ನೀರಿಗೆ ಜೀರಿಗೆ ಮೆಣಸು ಹಾಕಿ ಎರಡು ಹೊತ್ತು ಕೊಡಬೇಕು. ತೊಗರಿಬೇಳೆಯದೂ ಬರೀ ತಿಳಿ. ಬೀಜಗಳನ್ನು ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಹಾಲು ಮಾತ್ರ. ಜರಡಿಯಲ್ಲಿ ಉಳಿದ ಕಾಳೂ ಬಟ್ಟೆಯಲ್ಲಿ ಉಳಿದ ಹಿಂಡಿಯೂ ಲಲಿತಮ್ಮನ ಊಟ.

ಅವಳ ಹಟ್ಟಿಯಲ್ಲಿ ಹುರುಳಿ ಬೇಯುತ್ತಿದ್ದುದು ಎತ್ತುಗಳಿಗಾಗಿ. ಕಟ್ಟು ಬಸಿದುಕೊಂಡು ಮನೆಯವರು ಸಾರು ಮಾಡಿಕೊಳ್ಳುತ್ತಿದ್ದರು. ಕಾಳು ಗೋದಲೆಗೆ ಹೋಗುತ್ತಿತ್ತು. ಉಳುವವು ಎತ್ತುಗಳಾದ್ದರಿಂದ ಅದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ. ಮಗಳು ಮೂರು ವರ್ಷದವಳಿದ್ದಾಗ ಅಂಗನವಾಡಿಯ ಟೀಚರು ಅವಳ ರಟ್ಟೆಗೆ ಪಟ್ಟಿ ಸುತ್ತಿ ನೋಡಿ, “ಲಲಿತಮ್ಮ, ನಿಮ್ಮನೆ ಎತ್ತು ದುಂಡಗವೆ, ಮಗು ಕಡ್ಡಿ ಆಗ್ಬುಟ್ಟದೆ. ನೀರು ಕುಡಿಸ್ಬೇಡ, ಕಾಳು ತಿನ್ಸು” ಅಂದಿದ್ದರು. ಅಂದಿನಿಂದ ಲಲಿತಮ್ಮ ಗಂಡನ ಕಣ್ಣು ತಪ್ಪಿಸಿ ಗೋದಲೆಯ ಪಾಲಿನಿಂದ ದಿನಕ್ಕೊಂದು ಹಿಡಿ ತೆಗೆದಿಡುತ್ತಿದ್ದಳು. ಆರು ತಿಂಗಳೊಳಗೆ ಮಗು ಮೈತುಂಬಿಕೊಂಡಿತ್ತು.

ಆ ಮಗಳಿಗೆ ಈಗ ದಿನ ತುಂಬುತ್ತ ಬಂದಿತ್ತು. ಆಗಸ್ಟ್ ಮೊದಲ ವಾರ ಹೆರಿಗೆ ಎಂದಿದ್ದರು. “ಇವರು ಎದ್ದು ನಿಂತ ದಿನ ನಿಮ್ಮ ಟಿಕೆಟ್ ತೆಗೀತೀನಿ ಲಲಿತಮ್ಮ. ಬಾಣಂತನ ಮುಗಿಸ್ಕೊಂಡೇ ಬನ್ನಿ” ಎಂದು ಪ್ರಾರ್ಥನಾ ಮಾತು ಕೊಟ್ಟಿದ್ದಳು. ಹಾಸಿಗೆಯಲ್ಲಿ ಒರಗಿದ್ದ ಚನ್ನಕೇಶವನೂ ತಲೆಯಾಡಿಸಿದ್ದ.

ಅವನ ಕಾಲಿಗೆ ವ್ಯಾಯಾಮ ಮಾಡಿಸಲು ವಾರಕ್ಕೆರಡು ಸಲ ಝೇವಿಯರ್ ಬರುತ್ತಿದ್ದ. ಮಂಗಳೂರಿನವನು. ಬಂದಾಗಲೆಲ್ಲ ಟೇಪು ಹಿಡಿದು ತೊಡೆಯ ಸುತ್ತಳತೆ ನೋಡುತ್ತಿದ್ದ. ನಲವತ್ತಮೂರು ಸೆಂಟಿಮೀಟರ್ ಇದ್ದದ್ದು ಜೂನ್ ಕೊನೆಗೆ ನಲವತ್ತಕ್ಕೆ ಇಳಿದಿತ್ತು.

“ಸರ್, ನೀವು ಎಂತ ತಿಂತೀರಿ ಮಾರಾಯ್ರೆ?”

ಪ್ರಾರ್ಥನಾ ನೋಟ್‌ಬುಕ್ ತಂದು ಬಿಚ್ಚಿದಳು. “ದಿನಾ ಎಪ್ಪತ್ತೆಂಟು ಗ್ರಾಂ. ಒಂದು ದಿನಾನೂ ತಪ್ಪಿಲ್ಲ.”

ಝೇವಿಯರ್ ಪುಟ ತಿರುವಿ ನೋಡಿದ. “ಪುಸ್ತಕದಲ್ಲಿ ಉಂಟು ಮೇಡಂ. ತೊಡೆಯಲ್ಲಿ ಇಲ್ಲ.”

ಮುಂದಿನ ಶುಕ್ರವಾರ ಊಟಕ್ಕೆ ನೆಂಟರ ಕಡೆಯ ನಾಲ್ಕು ಜನ ಬಂದಿದ್ದರು. ಕಟ್ಟು ಬಸಿಯುತ್ತಿದ್ದ ಲಲಿತಮ್ಮ ಧೈರ್ಯ ಮಾಡಿ ಕೇಳಿದಳು. “ಅಮ್ಮಾವ್ರೆ, ಸಾಹೇಬ್ರಿಗೆ ಕಾಳ್ನೂ ಒಂದೀಟು ರುಬ್ಬಿ ಹಾಕ್ಲಾ? ಕಸುವು ಇರೋದು ಕಾಳಲ್ಲೇ. ನಮ್ಮಟ್ಟೀಲಿ ಎತ್ತಿಗೆ ಅದ್ನೇ…”

ಅವಳ ಮಾತು ಮುಗಿಯಲಿಲ್ಲ. “ಕೇಳಿದ್ರಾ?” ಎಂದು ಪ್ರಾರ್ಥನಾ ಹಾಲ್ ಕಡೆ ತಿರುಗಿ ನಕ್ಕಳು. “ನಮ್ಮ ಮನೆಯವರಿಗೆ ಎತ್ತಿನ ಬೂಸಾ ಹಾಕ್ಬೇಕಂತೆ. ಲಲಿತಮ್ಮ, ಅದನ್ನ ಅರಗಿಸ್ಕೊಳ್ಳೋಕೆ ನಿಮ್ಮಂಥ ಹೊಟ್ಟೆ ಬೇಕು. ನಿಮ್ಮ ಪಾಲಿಗೇ ಇಟ್ಕೊಳ್ಳಿ. ಹೇಗೂ ರವಿಕೆ ಹೊಲಿಗೆ ಬಿಡ್ತಾ ಇದೆ.”

ನೆಂಟರು ನಕ್ಕರು. ಚನ್ನಕೇಶವನೂ ನಕ್ಕು, “ನನ್ನ ಪ್ರೋಟೀನೆಲ್ಲ ಎಲ್ಲಿಗೆ ಹೋಗ್ತಿದೆ ಅಂತ ಈಗ ಗೊತ್ತಾಯ್ತು” ಎಂದ. ಲಲಿತಮ್ಮ ಜರಡಿ ಕೊಡವಿ ಮಗುಚಿಟ್ಟಳು.

ನಗು ಅವಳಿಗೆ ಹೊಸದಲ್ಲ. ಹೊಸದಾಗಿ ಬೇಕಾದದ್ದು ಟಿಕೆಟ್. ಈ ಮನುಷ್ಯ ಏಳದೆ ತಾನು ಹೋಗುವಂತಿಲ್ಲ, ಈ ನೀರು ಕುಡಿದು ಈ ಮನುಷ್ಯ ಏಳುವಂತಿಲ್ಲ. ಶನಿವಾರ ಒಂದು ದಿನ ಯೋಚಿಸಿದಳು. ಭಾನುವಾರ ಪ್ರಾರ್ಥನಾಳ ಕಾರು ಗೇಟು ದಾಟಿದ ಮೇಲೆ, ಬೆಂದ ಕಾಳನ್ನೆಲ್ಲ ಮಿಕ್ಸಿಗೆ ಹಾಕಿ ಗಂಧದಂತೆ ನುಣ್ಣಗೆ ರುಬ್ಬಿ ಕಟ್ಟಿಗೆ ಬೆರೆಸಿದಳು. ತೊಗರಿಬೇಳೆಯನ್ನೂ ಹಾಗೆಯೇ ಕಡೆದಳು. ಬೀಜಗಳ ಹಾಲನ್ನು ಸೋಸಲಿಲ್ಲ. ತನಗೆ ಅನ್ನ ಉಪ್ಪಿನಕಾಯಿ ಇಟ್ಟುಕೊಂಡಳು.

ಚನ್ನಕೇಶವ ಬಟ್ಟಲು ಬರಿದು ಮಾಡಿ, “ಇವತ್ತು ಏನೋ ಬೇರೆ ಥರ ಇದೆ” ಎಂದ.

“ಎರಡು ಸೀಟಿ ಜಾಸ್ತಿ ಕೂಗ್ಸಿದೆ ಸಾ.”

ಹದಿನೈದು ದಿನದಲ್ಲಿ ಅವನ ಮುಖದ ಬಿಳಿಚು ಹೋಯಿತು. ಜುಲೈ ಮೂರನೆಯ ವಾರ ವಾಕರ್ ಹಿಡಿದು ಹಾಲ್ ದಾಟಿದ. ಅದಾದ ವಾರಕ್ಕೆ ಗೇಟಿನವರೆಗೆ ನಡೆದು, ಹೊರಗಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ. ಝೇವಿಯರ್ ಟೇಪು ಸುತ್ತಿ ನಲವತ್ತೆರಡೂವರೆ ಎಂದ. ಪ್ರಾರ್ಥನಾ ಕಟ್ಟಿನ ಬಟ್ಟಲಿನ ಫೋಟೋ ತೆಗೆದು ತನ್ನ ವಾಟ್ಸಾಪ್ ಗುಂಪಿಗೆಲ್ಲ ಕಳಿಸಿ, ಅಜ್ಜಿಯ ಬುದ್ಧಿವಂತಿಕೆಯ ಬಗ್ಗೆ ನಾಲ್ಕು ಸಾಲು ಬರೆದಳು.

ಆ ಸಂಜೆಯೇ ಲಲಿತಮ್ಮ ಕೈ ಒರೆಸಿಕೊಂಡು ಹಾಲ್ ಕಡೆ ಬಂದಳು. “ಅಮ್ಮಾವ್ರೆ, ಸಾಹೇಬ್ರು ಎದ್ದು ನಿಂತವ್ರೆ. ಮಗಳಿಗೆ ಇನ್ನು ಎಂಟತ್ತು ದಿನ.”

ಪ್ರಾರ್ಥನಾ ಫೋನಿನಿಂದ ತಲೆ ಎತ್ತಿದಳು. “ಈಗ ತಾನೇ ಎದ್ದಿದ್ದಾರೆ ಲಲಿತಮ್ಮ. ಈಗ ನೀವು ಹೊರಟ್ರೆ ಕಟ್ಟು ಬಸಿಯೋರು ಯಾರು? ನನಗೆ ಆಫೀಸಿದೆ. ಸೆಪ್ಟೆಂಬರ್‌ನಲ್ಲಿ ನೋಡೋಣ.”

“ಎದ್ದ ದಿನ ಅಂದಿದ್ರಿ.”

“ಅಂದಿರಬಹುದು. ಅಲ್ಲಿ ಅವಳತ್ತೆ ಇಲ್ವಾ? ಹಳ್ಳೀಲಿ ಹೆರಿಗೆ ಏನು ಹೊಸದಾ? ನಿಮ್ಮನ್ನ ಕಾಯ್ಕೊಂಡು ಮಗು ನಿಂತಿರುತ್ತಾ?”

ಲಲಿತಮ್ಮ ಚನ್ನಕೇಶವನ ಕಡೆ ನೋಡಿದಳು. ಅವನು ಟಿವಿಯ ರಿಮೋಟನ್ನು ಕೈಗೆ ತೆಗೆದುಕೊಂಡು ಸದ್ದು ಸ್ವಲ್ಪ ಹೆಚ್ಚಿಸಿದ.

ಮರುದಿನ ಬೆಳಿಗ್ಗೆ ಅವಳು ಹುರುಳಿ ಬೇಯಿಸಿದಳು, ಜರಡಿ ಇಟ್ಟು ಬಸಿದಳು. ಎರಡು ಸಲ ಬಸಿದಳು, ಒಂದು ಸಿಪ್ಪೆಯೂ ಇಳಿಯದಂತೆ. ಬೀಜಗಳ ಹಾಲನ್ನು ಬಟ್ಟೆಯಲ್ಲಿ ಹಿಂಡಿದಳು, ಕೈನೋಯುವಷ್ಟು. ತಟ್ಟೆಗೆ ಕಾಳು ಹಾಕಿಕೊಂಡು, ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡಳು. ಫ್ರಿಜ್ಜಿನ ಮೇಲಿನ ಪಟ್ಟಿಯಲ್ಲಿ ಇದ್ದದ್ದೂ, ಅಮ್ಮಾವ್ರು ಹೇಳಿದ್ದೂ, ಎಲ್ಲವೂ ಹೇಳಿದ ಹಾಗೆಯೇ ನಡೆಯಿತು.

ಆಗಸ್ಟ್ ಐದಕ್ಕೆ ಮಗಳು ತಾಲ್ಲೂಕಾಸ್ಪತ್ರೆಯಲ್ಲಿ ಹೆತ್ತಳು. ಹೆಣ್ಣುಮಗು, ಎರಡು ಕೇಜಿಗೆ ಸ್ವಲ್ಪ ಮೇಲೆ. ವಾರದ ನಂತರ ಫೋನಿನಲ್ಲಿ ಅವಳ ದನಿ ತೀರಾ ಸಣ್ಣಗಾಗಿತ್ತು. “ಹಾಲು ಇಳೀತಿಲ್ಲ ಕಣವ್ವ. ಬಾಣಂತಿ ಪಥ್ಯ ಅಂತ ಬರೀ ತಿಳಿಸಾರು ಅನ್ನ ಹಾಕ್ತಾವ್ರೆ ನಮ್ಮತ್ತೆ.”

“ಕಾಳು ತಿನ್ನು ಮಗ. ಕಟ್ಟು ಕುಡೀಬೇಡ, ಕಾಳು ತಿನ್ನು.”

“ಕೊಡಲ್ವಲ್ಲವ್ವ. ನೀನಿದ್ದಿದ್ರೆ ಕದ್ದಾದ್ರೂ ಕೊಡ್ತಿದ್ದೆ.”

ಲಲಿತಮ್ಮ ಫೋನ್ ಇಟ್ಟಾಗ ಕುಕ್ಕರ್ ಆರಿತ್ತು. ಮುಚ್ಚಳ ತೆಗೆದು ಬಸಿಯತೊಡಗಿದಳು. ಬೆನ್ನ ಹಿಂದೆ ವಾಕರಿನ ಸದ್ದಾಯಿತು. ಚನ್ನಕೇಶವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಗಲ್ಲದ ಮೂಳೆ ಎದ್ದಿತ್ತು. ಚಡ್ಡಿಯೊಳಗೆ ತೊಡೆ ಜೋತಿತ್ತು.

“ಲಲಿತಮ್ಮ, ತುಂಬ ಹಸಿವು. ಆ ಕಾಳು ಒಂದು ಬಟ್ಟಲು ಕೊಡಿ. ಅವಳಿಗೆ ಹೇಳ್ಬೇಡಿ.”

ಲಲಿತಮ್ಮ ಜರಡಿಯ ಕಾಳನ್ನು ತನ್ನ ತಟ್ಟೆಗೆ ಸುರಿದುಕೊಂಡಳು. “ಅಮ್ಮಾವ್ರು ಬೇಡ ಅಂದವ್ರೆ ಸಾ.”

“ಒಂದು ಹಿಡಿ.”

“ಇದು ಎತ್ತಿಗೆ ಹಾಕೋದು ಸಾ. ನಿಮಗೆ ಅರಗಲ್ಲ.”

ಅವಳು ನೆಲದ ಮೇಲೆ ಕೂತು, ಈರುಳ್ಳಿ ನಂಚಿಕೊಂಡು, ಅವನ ಎದುರಿಗೇ ಉಂಡಳು. ವಾಕರಿನ ಸದ್ದು ನಿಧಾನವಾಗಿ ಹಿಂದಕ್ಕೆ ಹೋಯಿತು. ಹೆಂಡತಿಗೆ ಅವನು ಹೇಳಲಿಲ್ಲ. ಕಾಳು ಬೇಡಿದ್ದನ್ನು ಹೇಳದೆ, ಅದು ಸಿಗಲಿಲ್ಲವೆಂದು ದೂರುವಂತಿರಲಿಲ್ಲ.

ಪ್ರಾರ್ಥನಾ ಮಾತ್ರ ಗಾಬರಿಯಾಗಿದ್ದಳು. ಹುರುಳಿಯನ್ನು ನೂರರಿಂದ ನೂರೈವತ್ತಕ್ಕೆ ಏರಿಸಿದಳು. ನೋಟ್‌ಬುಕ್ಕಿನಲ್ಲಿ ಎಪ್ಪತ್ತೆಂಟು ಎಂಬತ್ತೊಂಬತ್ತಾಯಿತು. ಹೆಚ್ಚಾದ ಕಾಳೂ ಜರಡಿಯಲ್ಲೇ ಉಳಿಯಿತು. ಝೇವಿಯರ್ ಟೇಪು ಮಡಚಿ ಜೇಬಿಗಿಟ್ಟು, ಅಳತೆಯನ್ನು ಗಟ್ಟಿಯಾಗಿ ಹೇಳಲಿಲ್ಲ. ಹೊರಡುವಾಗ ಅಡುಗೆಮನೆಗೆ ಇಣುಕಿ, “ಅಕ್ಕಾ, ನೀರು ಕೊಡಿ” ಎಂದ. ಕುಡಿಯುತ್ತ ಜರಡಿಯನ್ನೂ, ಅದರೊಳಗಿನ ಗುಡ್ಡೆಯನ್ನೂ, ಪಕ್ಕದ ಬಟ್ಟಲಿನಲ್ಲಿದ್ದ ತಿಳಿನೀರನ್ನೂ ನೋಡಿದ.

“ಸರ್‌ಗೆ ಇದರಲ್ಲಿ ಯಾವುದು?”

“ಅದು” ಎಂದು ಲಲಿತಮ್ಮ ಬಟ್ಟಲು ತೋರಿಸಿದಳು.

“ಮತ್ತೆ ಮೇಡಂಗೆ ನೀವು ಹೇಳ್ಲಿಲ್ವಾ?”

“ನಾಲ್ಕು ಜನರ ಮುಂದೆ ಹೇಳ್ದೆ.”

ಝೇವಿಯರ್ ಲೋಟ ತೊಳೆದಿಟ್ಟು ಹಾಲ್ ಕಡೆ ಹೋದ. ಪ್ರಾರ್ಥನಾಳ ದನಿ ಕೇಳಿಸಿತು. “ನೀವು ಕಾಲು ನೋಡ್ಕೊಳ್ಳಿ ಝೇವಿಯರ್. ಅಡುಗೆ ನಾವು ನೋಡ್ಕೋತೀವಿ.” ಅವನು ಆಮೇಲೆ ಆ ಮಾತು ಎತ್ತಲಿಲ್ಲ. ಅವನಿಗೆ ಐದು ಗಂಟೆಗೆ ಇನ್ನೊಂದು ಮನೆಯಿತ್ತು.

ಆಗಸ್ಟ್ ಇಪ್ಪತ್ತೊಂಬತ್ತಕ್ಕೆ ಚನ್ನಕೇಶವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೋಲು ಹಿಡಿದು ಕಂಪನಿಗೆ ಹೋದ. ಅಂಗಿಯ ಕಾಲರಿನಲ್ಲಿ ಕುತ್ತಿಗೆಗೆ ಎರಡು ಬೆರಳು ಜಾಗ ಉಳಿದಿತ್ತು. ಸೈಟಿನ ಇಂಜಿನಿಯರ್ ಆದವನು ಮೆಟ್ಟಿಲು ಹತ್ತಬೇಕು, ಹತ್ತಿ ತೋರಿಸಿ ಎಂದರು ಅಲ್ಲಿಯವರು. ಒಂಬತ್ತನೆಯ ಮೆಟ್ಟಿಲಲ್ಲಿ ಮೊಣಕಾಲು ಮಡಚಿಕೊಂಡಿತು. ಬೀಳುವ ಮುನ್ನ ಇಬ್ಬರು ಹಿಡಿದುಕೊಂಡರು. ಮೇಜಿನ ಹಿಂದಿದ್ದವನು ಒಳ್ಳೆಯ ಮಾತಿನಲ್ಲೇ, ಊರಿಗೆ ಹೋಗಿ ಆರೋಗ್ಯ ನೋಡಿಕೊಳ್ಳಿ ಎಂದ. ಅಲ್ಲಿಗೆ ಕೆಲಸವೂ ಹೋಯಿತು, ಅದಕ್ಕೆ ಅಂಟಿಕೊಂಡಿದ್ದ ಮೂವರ ವೀಸಾವೂ.

ಸೆಪ್ಟೆಂಬರ್ ಕೊನೆಗೆ ಸಾಮಾನೆಲ್ಲ ಪೆಟ್ಟಿಗೆಯಾಯಿತು. ಪ್ರಾರ್ಥನಾ ಲಲಿತಮ್ಮನ ಟಿಕೆಟ್ಟಿನ ಕಾಗದವನ್ನು ಅಡುಗೆಕಟ್ಟೆಯ ಮೇಲಿಟ್ಟಳು. “ಕೇಳ್ತಿದ್ರಲ್ಲ, ತಗೊಳ್ಳಿ. ನಿಮಗಂತೂ ಒಳ್ಳೇದೇ ಆಯ್ತು.” ಅವಳ ಕಣ್ಣು ಕೆಂಪಗಿತ್ತು. ಮಿಕ್ಕ ಪಾತ್ರೆಗಳನ್ನು ಯಾರಿಗೋ ಕೊಟ್ಟುಬರಲು ಕಾರು ತೆಗೆದುಕೊಂಡು ಹೋದಳು.

ಲಲಿತಮ್ಮ ಊರಿಗೆ ಫೋನ್ ಮಾಡಿ ನಾಡಿದ್ದು ಬರುತ್ತೇನೆಂದಳು. “ಈಗ್ಯಾಕವ್ವ?” ಎಂದಳು ಮಗಳು. “ಡಬ್ಬಿ ಹಾಲಿಗೆ ಹಾಕಿವ್ನಿ ಮಗೂನ. ನನ್ನೆದೆ ಬತ್ತೋಯ್ತು. ಬಾಣಂತನ ಮುಗೀತು.” ಬೇಡವೆನ್ನಲಿಲ್ಲ, ಬಾ ಎನ್ನಲೂ ಇಲ್ಲ.

ಡಬ್ಬಿಯಲ್ಲಿ ಉಳಿದಿದ್ದ ಹುರುಳಿಯನ್ನು ಲಲಿತಮ್ಮ ಎರಡು ಪಾಲು ಮಾಡಿದಳು. ಒಂದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತನ್ನ ಚೀಲಕ್ಕಿಟ್ಟಳು. ಇನ್ನೊಂದನ್ನು ಬೇಯಿಸಿದಳು. ಮೆಟ್ಟಿಲಲ್ಲಿ ಕುಸಿದ ದಿನದಿಂದ ಗಾಲಿಕುರ್ಚಿ ಹಿಡಿದಿದ್ದ ಚನ್ನಕೇಶವ ಅದನ್ನು ತಳ್ಳಿಕೊಂಡು ಬಾಗಿಲಿಗೆ ಬಂದ.

“ಜುಲೈನಲ್ಲಿ ಸಾರಿಗೆ ಏನು ಹಾಕ್ತಿದ್ರಿ ಲಲಿತಮ್ಮ?”

“ಕಾಳು ರುಬ್ಬಿ ಹಾಕ್ತಿದ್ದೆ ಸಾ.”

“ಆಮೇಲೆ?”

“ಆಮೇಲೆ ಅಮ್ಮಾವ್ರು ಹೇಳ್ದಂಗೆ ಮಾಡ್ದೆ.”

ಹೊರಗೆ ಮರದ ಮೇಲೆ ಯಾರೋ ಒಣಗಿದ ಗರಿ ಕಡಿಯುತ್ತಿದ್ದರು. ಒಂದು ಗರಿ ಬಿದ್ದ ಸದ್ದಾಯಿತು, ಮತ್ತೊಂದು.

“ನನ್ನ ಕಾಲು ಹೋಗುತ್ತೆ ಅಂತ ಗೊತ್ತಿದ್ದೂ?”

“ನನ್ನ ಮಗಳಿಗೆ ದಿನ ಬಂದದೆ ಅಂತ ಗೊತ್ತಿದ್ದೂ ನೀವು ಟಿವಿ ನೋಡಿದ್ರಿ ಸಾ.”

ಲಲಿತಮ್ಮ ಕುಕ್ಕರ್ ಇಳಿಸಿ, ಕಟ್ಟನ್ನೆಲ್ಲ ಸಿಂಕಿಗೆ ಬಸಿದು, ಕಾಳನ್ನು ತಟ್ಟೆಗೆ ಸುರಿದು, ಉಪ್ಪು ಉದುರಿಸಿ ಅವನ ತೊಡೆಯ ಮೇಲಿಟ್ಟಳು. ಚನ್ನಕೇಶವ ತಟ್ಟೆಯನ್ನೊಮ್ಮೆ ನೋಡಿದ. ಆಮೇಲೆ ಕೈಯಲ್ಲಿ ಬಾಚಿ ಬಾಚಿ ತಿನ್ನತೊಡಗಿದ. ಎತ್ತು ಮುಗಿಸುವವರೆಗೂ ಗೋದಲೆಯ ಪಕ್ಕ ನಿಲ್ಲುತ್ತಿದ್ದಂತೆ ಅವಳು ಪಕ್ಕದಲ್ಲಿ ನಿಂತಿದ್ದಳು. ಕೊನೆಯ ಕಾಳು ಹೋದ ಮೇಲೆ ತಟ್ಟೆ ತೆಗೆದುಕೊಂಡಳು.

“ನಿಮ್ಮನೆ ಅನ್ನದ ಋಣ ಇಷ್ಟೇ ಇದ್ದದ್ದು ಸಾ” ಎಂದು ತಟ್ಟೆ ತೊಳೆದು ಮಗುಚಿಟ್ಟಳು. ಟಿಕೆಟ್ಟನ್ನು ಮಡಚಿ ಹುರುಳಿಯ ಗಂಟಿನ ಮೇಲಿಟ್ಟು ಚೀಲದ ಜಿಪ್ಪು ಎಳೆದಳು.