ಜೋಡಿ ಸೀನು

ಬಸ್ ನಿಲ್ದಾಣದ ಟೈಂಕೀಪರನ ಮೂಗಿಗೆ ಧೂಳು ಆಗಿಬರುತ್ತಿರಲಿಲ್ಲ. ಕೆಲಸವೋ ಧೂಳಿನ ನಡುವೆಯೇ. ಹೊರಡುವ ಪ್ರತಿ ಬಸ್ಸಿನ ಡ್ರೈವರ್ ಅವನ ಮೇಜಿನ ಮುಂದೆ ನಿಲ್ಲಬೇಕು. ಇವನು ಕನ್ನಡಕ ಏರಿಸಿ ಗಡಿಯಾರ ನೋಡಿ, ಹಾಳೆಯಲ್ಲಿ ಹೊತ್ತು ಬರೆದು, ಮೊಹರು ಒತ್ತಿ ಕೊಡಬೇಕು. ಕೊಡುವ ಹೊತ್ತಿಗೆ ಸರಿಯಾಗಿ, ಆಗಷ್ಟೇ ಹೋದ ಬಸ್ಸು ಎಬ್ಬಿಸಿದ ಧೂಳು ಮೂಗಿಗೆ ಹೊಕ್ಕು ಸೀನು ಬಂದುಬಿಡುತ್ತಿತ್ತು. ಒಂದೇ ಒಂದು ಸೀನು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದು, ಅವನು ಎಲ್ಲರ ಬಾಯಲ್ಲೂ ಸೀನಪ್ಪನಾಗಿದ್ದ.

ಹೊರಡುವಾಗ ಒಂಟಿ ಸೀನು ಕೇಳಿದರೆ ಡ್ರೈವರುಗಳು ಜಪ್ಪಯ್ಯ ಅಂದರೂ ಗಾಡಿ ತೆಗೆಯುತ್ತಿರಲಿಲ್ಲ. ಇದಕ್ಕೆಲ್ಲ ಮುಂದಾಳು ದೊಡ್ಡಣ್ಣ, ಎಲ್ಲರಿಗಿಂತ ಹಿರಿಯ ಡ್ರೈವರ್. ಸೀನು ಬಿದ್ದ ಕೂಡಲೇ ಹಾಳೆಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಕಲ್ಲುಬೆಂಚಿನ ಮೇಲೆ ಕೂತು, ಒಂದು ಲೋಟ ನೀರು ಕುಡಿದು, ಐದು ನಿಮಿಷ ಕಳೆದ ಮೇಲೆಯೇ ಅವರು ಏಳುತ್ತಿದ್ದುದು. ಉಳಿದವರೂ ಹಾಗೆಯೇ. ಬಸ್ಸಿನೊಳಗಿದ್ದವರು ಕಿಟಕಿಯಿಂದ ತಲೆ ಹೊರಹಾಕಿ ಸೀನಪ್ಪನಿಗೆ ಸಹಸ್ರನಾಮ ಮಾಡುತ್ತಿದ್ದರು. ಇನ್ನು ಹೀಗೇ ಆದರೆ ನಿಲ್ದಾಣದ ಹಿಂದಿನ ಹಳೆ ಸಾಮಾನಿನ ಸ್ಟೋರಿಗೆ ಹಾಕಿಬಿಡುತ್ತೇನೆ ಎಂದು ಮೇಲಿನ ಸಾಹೇಬರು ಎರಡು ಸಲ ಎಚ್ಚರಿಸಿದ್ದರು.

ಅವನ ಮೇಜಿಗೂ ಟಿಕೆಟ್ ಕಿಟಕಿಗೂ ನಡುವೆ ಒಂದು ಮರದ ಹಲಗೆಯಷ್ಟೇ ಅಡ್ಡ. ಕಿಟಕಿಯ ಹಿಂದೆ ಕೂರುವವಳನ್ನು ಎಲ್ಲರೂ ಟಿಕೆಟ್ ಅಕ್ಕ ಎನ್ನುತ್ತಿದ್ದರು. ಮೂವತ್ತಾರರ ಹೆಂಗಸು, ತಾಯಿಯೊಡನೆ ವಾಸ, ಬಾಯಿ ಸ್ವಲ್ಪ ಚುರುಕು. ಪಕ್ಕದ ಗಲಾಟೆಯನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವಳ ಹಾಗೆ ಎರಡು ವರ್ಷ ಕಳೆದಿದ್ದಳು. ಒಂದು ಬೆಳಿಗ್ಗೆ ಏಳರ ಬಸ್ಸು ಹೊರಡುವಾಗ ಎಂದಿನಂತೆ ಸೀನಪ್ಪ ಸೀನಿದ. ಬಸ್ಸಿನೊಳಗೆ ಒಂದು ಕೂಸು ಅಳುತ್ತಿತ್ತು. ಹಲಗೆಯ ಸಂದಿಯಲ್ಲಿ ಅವನ ಮುಖ ಕಾಣಿಸಿತು. ಪಾಪ, ಮೂಗಿನ ತಪ್ಪಿಗೆ ಮುಖವೆಲ್ಲ ಸಣ್ಣಗಾಗಿತ್ತು. ದೊಡ್ಡಣ್ಣ ಹಾಳೆ ಕೆಳಗಿಡುವುದರೊಳಗೆ ಅವಳು ಗಟ್ಟಿಯಾಗಿ "ಆಕ್ಷೀ" ಎಂದಳು.

"ಯಾರದು?" ಎಂದರು ದೊಡ್ಡಣ್ಣ.

"ನಾನೇ ಅಣ್ಣ. ಎರಡಾಯ್ತಲ್ಲ, ಜೋಡಿ ಸೀನು ಒಳ್ಳೇದು. ಹೊರಡಿ."

ದೊಡ್ಡಣ್ಣ ಕಿಟಕಿಯನ್ನೊಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ಹೊರಟೇಬಿಟ್ಟರು.

ಅಲ್ಲಿಂದ ಅದೇ ರೂಢಿಯಾಯಿತು. ಮೊದಮೊದಲು ಅವಳ ಸೀನು ಕೋಳಿ ಓಡಿಸುವವರ ದನಿಯ ಹಾಗಿತ್ತು. ಬರಬರುತ್ತ ಕೈ ಕುದುರಿತು. ಸೀನಪ್ಪ ಬಾಯಿಬಿಟ್ಟು ಒಂದು ದಿನವೂ ಉಪಕಾರವಾಯಿತು ಎನ್ನಲಿಲ್ಲ. ಆದರೆ ವರ್ಷಗಳಿಂದ ಕಿರುಗುಡುತ್ತಿದ್ದ ಅವಳ ಕುರ್ಚಿ ಒಂದು ದಿನ ಸುಮ್ಮನಾಗಿತ್ತು. ಬಗ್ಗಿ ನೋಡಿದರೆ ನಾಲ್ಕೂ ಕಾಲಿಗೆ ಹಳೆಯ ಟಯರಿನ ತುಂಡು ಕತ್ತರಿಸಿ ಅಚ್ಚುಕಟ್ಟಾಗಿ ಹೊಡೆದಿತ್ತು. ಅವತ್ತು ಅವಳಿಗೆ ಸುಮ್ಮಸುಮ್ಮನೆ ಖುಷಿ.

ಆರು ತಿಂಗಳಾದ ಮೇಲೆ ಹೊಸ ಡ್ರೈವರೊಬ್ಬ ತಕರಾರು ತೆಗೆದ. "ಒಬ್ಬರು ಸೀನಿದ್ದಕ್ಕೆ ಇನ್ನೊಬ್ಬರು ಜೋಡಿ ಕೊಟ್ರೆ ಅದು ಲೆಕ್ಕಕ್ಕೆ ಬರುತ್ತಾ ದೊಡ್ಡಣ್ಣ?"

ದೊಡ್ಡಣ್ಣ ಮೀಸೆ ನೀವುತ್ತ ಬಹಳ ಹೊತ್ತು ಯೋಚಿಸಿದರು. "ಒಂದೇ ಮನೆಯವರಾದ್ರೆ ಬರುತ್ತೆ" ಎಂದರು.

ಅವರು ಹೇಳಿದ್ದು ನಿಜವಾದ ತೀರ್ಪಿನಂತೆಯೇ. ಆದರೆ ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಸೀನಪ್ಪನ ಕಿವಿ ಕೆಂಪಾಯಿತು. ಅವಳು ಕಿಟಕಿಯ ಬಾಗಿಲನ್ನು ದಡ್ಡನೆ ಎಳೆದುಕೊಂಡಳು.

ನಾಲ್ಕು ಗಂಟೆಗೆ ಪಾಳಿ ಮುಗಿದು ಅವಳು ಚೀಲ ಹೆಗಲಿಗೇರಿಸುವಾಗ ಸೀನಪ್ಪ ಬಂದು ಎದುರು ನಿಂತ.

"ಅವರು ನಕ್ಕಿದ್ದು ಬಿಡಿ. ನಾನು ಕೇಳ್ತಿರೋದು ತಮಾಷೆಗಲ್ಲ. ನನಗೆ ನಲವತ್ತೆರಡು. ಮನೇಲಿ ಒಬ್ಬನೇ. ನಿಮ್ಮ ಅಮ್ಮನೂ ಬಂದಿರಬಹುದು, ಎರಡು ಕೋಣೆ ಇದೆ."

ಅವಳು ಚೀಲವನ್ನು ಮತ್ತೆ ಕೆಳಗಿಟ್ಟಳು. "ಬೇಡ. ನನ್ನ ಕಾಲ್ಗುಣ ಸರಿಯಿಲ್ಲ" ಎಂದಳು.

ಇಪ್ಪತ್ತೆರಡಕ್ಕೆ ಅವಳ ಮದುವೆಯಾಗಿತ್ತು. ಎಂಟನೇ ತಿಂಗಳಲ್ಲಿ ಗಂಡ ಜ್ವರ ಬಂದು ಮಲಗಿದವನು ಏಳಲೇ ಇಲ್ಲ. ಅತ್ತೆ ಕೆಟ್ಟವಳಲ್ಲ, ಬೈದಿರಲೂ ಇಲ್ಲ. ಇವಳ ಕೈ ಹಿಡಿದು ಅಳುತ್ತಳುತ್ತ, "ನೀನು ಕಾಲಿಟ್ಟ ಗಳಿಗೆ ಎಂಥದ್ದಿತ್ತೋ ಮಗಳೇ" ಎಂದಿದ್ದಳು. ಬೈದಿದ್ದರೆ ತಿರುಗಿ ಬೈದು ಮರೆಯಬಹುದಿತ್ತು. ಪ್ರೀತಿಯಿಂದ ಹೇಳಿದ ಆ ಮಾತು ಮುಳ್ಳಿನ ಹಾಗೆ ಒಳಗೇ ಮುರಿದು ಉಳಿದುಬಿಟ್ಟಿತು. ಕಂಡವರ ಶಕುನಗಳನ್ನೆಲ್ಲ ನಕ್ಕು ತಳ್ಳುವವಳು, ತನ್ನ ಪಾಲಿನ ಇದೊಂದನ್ನು ಮಾತ್ರ ನಂಬಿಕೊಂಡಿದ್ದಳು.

ಸೀನಪ್ಪ ವಾದ ಮಾಡಲಿಲ್ಲ. "ಆಯ್ತು" ಎಂದು ಹೊರಟುಹೋದ. ವಾರದೊಳಗೆ ತಾನಾಗಿ ಕೇಳಿಕೊಂಡು ಸ್ಟೋರಿಗೆ ಹೋದ. ಆ ಮೇಜಿಗೆ ಗಟ್ಟಿ ಮೂಗಿನ ಇನ್ನೊಬ್ಬ ಬಂದ. ಬಸ್ಸುಗಳೆಲ್ಲ ಹೊತ್ತಿಗೆ ಸರಿಯಾಗಿ ಹೊರಡತೊಡಗಿದವು. ಅವಳಿಗೆ ದಿನ ಮಾತ್ರ ಮುಂದಕ್ಕೇ ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಕಿಟಕಿಯೆದುರು ಯಾರೂ ಇಲ್ಲದ ಹೊತ್ತಿನಲ್ಲಿ ದೊಡ್ಡಣ್ಣ ಎರಡು ಲೋಟ ಚಹಾ ಹಿಡಿದು ಬಂದರು. ಒಂದನ್ನು ಒಳಗೆ ತಳ್ಳಿ, "ಅವನು ಯಾಕಮ್ಮ ಸ್ಟೋರಿಗೆ ಹೋದ? ನನ್ನ ಮಾತಿನಿಂದಲಾ?" ಎಂದು ಕೇಳಿದರು.

ಅವರೆದುರು ಮುಚ್ಚಿಡಲು ಅವಳಿಗೆ ಮನಸ್ಸಾಗಲಿಲ್ಲ. ಅವನು ಕೇಳಿದ್ದು, ತಾನು ಬೇಡ ಎಂದದ್ದು, ಅತ್ತೆಯ ಮಾತು, ಎಲ್ಲವನ್ನೂ ಹೇಳಿದಳು.

ದೊಡ್ಡಣ್ಣ ಚಹಾ ಕುಡಿದು ಮುಗಿಸಿದರು.

"ನನ್ನ ತಮ್ಮನೂ ಡ್ರೈವರ್ರೇ" ಎಂದು ಶುರುಮಾಡಿದರು. "ಅವತ್ತು ಬೆಳಿಗ್ಗೆ ಅವನು ಗಾಡಿ ತೆಗೆಯೋವಾಗ ಒಂಟಿ ಸೀನು ಬಿತ್ತು. ಬಿಸಿನೀರು ಕುಡಿ ಅಣ್ಣ ಅಂತ ನಗ್ತಾ ಹೋದ. ಸೀನಿದ್ದು ನಾನೇ. ಇಳಿಜಾರಿನ ತಿರುವಲ್ಲಿ ಬ್ರೇಕ್ ಹಿಡೀಲಿಲ್ಲ. ಇಪ್ಪತ್ತು ವರ್ಷ ಆಯ್ತು, ಹೆಂಡತಿಗೂ ಹೇಳಿಲ್ಲ."

ಅವಳು ಕಿಟಕಿಯ ಸರಳಿಗೆ ಹಣೆ ತಾಗುವಷ್ಟು ಮುಂದೆ ಬಂದಳು. "ಅಣ್ಣ, ನಿಮಗೆ ನೆಗಡಿ ಆಗಿತ್ತು. ಗಾಡಿ ಬ್ರೇಕು ಕೆಟ್ಟಿತ್ತು. ಅದಕ್ಕೂ ಇದಕ್ಕೂ ಏನು ಸಂಬಂಧ ಹೇಳಿ."

"ನಿನ್ನ ಗಂಡನಿಗೆ ಏನಾಗಿತ್ತು?"

"ಜ್ವರ."

"ಮತ್ತೆ ನಿನ್ನ ಕಾಲು ಅಲ್ಲೇನು ಮಾಡ್ತಿತ್ತಮ್ಮ?"

ಅವಳ ಕಣ್ಣು ತುಂಬಿಬಂತು. ದೊಡ್ಡಣ್ಣ ಬೇರೆ ಕಡೆ ನೋಡುತ್ತ ತಮ್ಮ ಖಾಲಿ ಲೋಟವನ್ನೇ ತಿರುಗಿಸುತ್ತಿದ್ದರು.

"ನನಗಂತೂ ಬಿಡೋಕಾಗಲ್ಲ. ನಾಳೆ ಯಾರಾದ್ರೂ ಸೀನಿದ್ರೆ ನಾನು ಕೂರೋನೇ" ಎಂದರು. "ನೀನು ಚಿಕ್ಕವಳು. ನೀನು ಬಿಟ್ಟುಬಿಡು."

ಪಾಳಿ ಮುಗಿದ ಮೇಲೆ ಅವಳು ನೆಟ್ಟಗೆ ಸ್ಟೋರಿಗೆ ನಡೆದಳು. ಹರಿದ ಸೀಟುಗಳು, ಸವೆದ ಟಯರುಗಳು, ಎಂದೂ ಒರೆಸದ ಕಪಾಟುಗಳು. ನಿಲ್ದಾಣದ ಧೂಳೆಲ್ಲ ಕೊನೆಗೆ ಇಲ್ಲಿಗೇ ಬಂದು ನೆಲೆಸುತ್ತಿತ್ತೋ ಏನೋ. ಅದರ ನಡುವೆ ಸೀನಪ್ಪ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬೋಲ್ಟುಗಳನ್ನು ವಿಂಗಡಿಸುತ್ತಿದ್ದ. ಅವಳನ್ನು ಕಂಡು ಎದ್ದವನಿಗೆ ಸೀನು ಹತ್ತಿತು. ಎರಡಲ್ಲ, ಮೂರಲ್ಲ, ಸಾಲಾಗಿ ಏಳು.

"ಇಲ್ಲಿ ನನ್ನ ಸಹಾಯ ಏನೂ ಬೇಕಾಗಿಲ್ಲ ಅನ್ನಿ" ಎಂದಳು.

ಅವನು ಕರವಸ್ತ್ರ ಕೆಳಗಿಳಿಸಿ ನಕ್ಕ. ಕಣ್ಣು ಮೂಗು ಎರಡೂ ಕೆಂಪಾಗಿದ್ದವು.

"ಅವತ್ತು ಒಂದು ಮಾತು ಕೇಳಿದ್ರಲ್ಲ. ಇನ್ನೊಂದ್ಸಲ ಕೇಳ್ತೀರಾ?"

"ಕೇಳ್ತೀನಿ. ಒಂದು ನಿಮಿಷ ತಡೀರಿ" ಎಂದು ಅವನು ಎಂಟನೆಯದನ್ನೂ ಮುಗಿಸಿದ.

ಒಂದು ಸಾಧಾರಣ ಕೆಲಸದ ದಿನ, ಯಾವ ಗಳಿಗೆಯನ್ನೂ ನೋಡದೆ, ಇಬ್ಬರೂ ಅರ್ಧ ದಿನದ ರಜೆ ಹಾಕಿ ಮದುವೆಯಾದರು. ಸಾಕ್ಷಿಯ ರುಜು ದೊಡ್ಡಣ್ಣನದು. ಅವಳ ತಾಯಿ ಒಳಕೋಣೆ ಹಿಡಿದು, ಅಳಿಯನ ಸೀನಿಗೆ ಬೆಳಗಿನ ನಿದ್ದೆಯೇ ಹಾಳೆಂದು ನೆರೆಯವರ ಹತ್ತಿರ ಪ್ರೀತಿಯಿಂದ ದೂರತೊಡಗಿದಳು.

ಮದುವೆಯಾದ ನಾಲ್ಕನೇ ದಿನ ಅವನದು ಬೆಳಗಿನ ಪಾಳಿ. ಅವನು ಹೊರಟು ಓಣಿಯ ಅರ್ಧ ದಾಟಿದ ಮೇಲೆ ಅವಳಿಗೆ ಕಿಟಕಿಯ ಕಟ್ಟೆಯ ಮೇಲೆ ಅವನು ಮರೆತ ಕನ್ನಡಕ ಕಾಣಿಸಿತು. ಹೊರಟವರನ್ನು ಹಿಂದಿನಿಂದ ಕರೆಯಬಾರದು ಎಂದು ಒಳಗಿನಿಂದ ತಾಯಿ ಗೊಣಗಿದಳು. ಅವಳ ಕಾಲು ಹೊಸ್ತಿಲಲ್ಲಿ ಒಂದು ಕ್ಷಣ ತಡೆಯಿತು. ಆಮೇಲೆ ಓಣಿಗೆಲ್ಲ ಕೇಳುವಂತೆ, "ರೀ, ನಿಂತ್ಕೊಳ್ಳಿ" ಎಂದು ಕರೆದಳು. ಅವನು ತಿರುಗಿದ. ಕಣ್ಣು ಕಿರಿದು ಮಾಡಿ ಬಾಗಿಲ ಕಡೆ ನೋಡಿ, ಯಾವ ಅವಸರವೂ ಇಲ್ಲದೆ ನಡೆದು ಬರತೊಡಗಿದ.