ಒಂಬತ್ತನೆಯ ಕಲಂ

"ಸೀಲಿದೆ, ಸಹಿ ಇದೆ. ಆದ್ರೆ ಸೀಲು ಸಹಿ ಮೇಲೆ ಬಿದ್ದಿಲ್ಲ, ಪಕ್ಕಕ್ಕೆ ಬಿದ್ದಿದೆ," ಎಂದು ಗುಮಾಸ್ತ ಕಾಗದವನ್ನು ಕಿಂಡಿಯಿಂದ ಹೊರಕ್ಕೆ ತಳ್ಳಿದ.

ಪರ್ಮಿಟ್ಟಕ್ಕ ಅದನ್ನು ಎತ್ತಿಕೊಳ್ಳಲಿಲ್ಲ. ಹನ್ನೆರಡು ದಿನಗಳಿಂದ ಆ ಕಾಗದದ ಹಿಂದೆ ಅಲೆದು ಅವಳಿಗೆ ಸಾಕುಸಾಕಾಗಿತ್ತು.

"ಅಣ್ಣಾ, ನಿನ್ನೆ ಸೀಲು ಒತ್ತಿದ್ದು ನೀವೇ ತಾನೆ?"

"ನಾನೇ. ಅದಕ್ಕೇ ಇಷ್ಟು ಸರಿಯಾಗಿ ಹೇಳ್ತಿರೋದು."

"ಹಾಗಾದ್ರೆ ಇನ್ನೊಂದ್ಸಲ ಒತ್ತಿಬಿಡಿ."

"ಸೀಲು ಬೀರುವಿನಲ್ಲಿದೆ. ಬೀರುವಿನ ಬೀಗದ ಕೈ ಎಂಜಿನಿಯರ್ ಸಾಹೇಬ್ರ ಹತ್ರ. ಸಾಹೇಬ್ರು ವಾಟರ್ ವರ್ಕ್ಸ್‌ಗೆ ಹೋಗಿದಾರೆ. ಅಲ್ಲೇ ಹೋಗಿ ಕೇಳಿ." ಗುಮಾಸ್ತ ಕನ್ನಡಕ ತೆಗೆದು ಒರೆಸಿಕೊಂಡ. "ಅಲ್ಲಕ್ಕ, ಆ ಗೆಳೆಯ ಈ ಸಲನಾದ್ರೂ ಸಿಗ್ತಾನಾ?"

ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು. ಹೊರದೇಶಗಳಿಂದ ಕ್ಯಾಮೆರಾ ಹೊತ್ತು ಬರುವವರಿಗೆ ಅನುಮತಿ ಪತ್ರ, ವ್ಯಾನು, ಉಳಿಯಲು ಜಾಗ, ದುಭಾಷಿ, ಬಿಸಿಲಿಗೆ ಕೊಡೆ, ಎಲ್ಲವನ್ನೂ ಹೊಂದಿಸಿಕೊಡುವುದು ಅವಳ ಕಸುಬು. ಇಪ್ಪತ್ತೆರಡು ವರ್ಷಗಳಿಂದ ಅದೇ ಕೆಲಸ. ಅವಳ ನಿಜವಾದ ಹೆಸರು ಯಾವ ಕಚೇರಿಯಲ್ಲೂ ಯಾರಿಗೂ ನೆನಪಿರಲಿಲ್ಲ. ಅರ್ಜಿಯಲ್ಲಿ ಚಿತ್ರದ ಕಥೆಯನ್ನು ಬರೆಯಬೇಕಾದ ಜಾಗದಲ್ಲಿ ಅವಳು ಇಪ್ಪತ್ತೆರಡು ವರ್ಷವೂ ಒಂದೇ ಕಥೆ ಬರೆದಿದ್ದಳು. ಒಬ್ಬ ಯುವಕ ತನ್ನ ಬಾಲ್ಯದ ಗೆಳೆಯನನ್ನು ಹುಡುಕಿಕೊಂಡು ಈ ಊರಿಗೆ ಬರುತ್ತಾನೆ, ಊರಿನ ಅಂದಚೆಂದ ನೋಡಿ ಬೆರಗಾಗುತ್ತಾನೆ. ಬಂದವರು ಕೊಳೆಗೇರಿಯ ಚಿತ್ರ ತೆಗೆಯಲಿ, ಮುಷ್ಕರದ ಚಿತ್ರ ತೆಗೆಯಲಿ, ಜೈಲಿನ ಗೋಡೆಯ ಚಿತ್ರ ತೆಗೆಯಲಿ, ಕಾಗದದ ಮೇಲೆ ಮಾತ್ರ ಆ ಯುವಕ ಗೆಳೆಯನನ್ನು ಹುಡುಕುತ್ತಲೇ ಇದ್ದ. ಕಚೇರಿಗಳಿಗೆ ನಿಜ ಹೇಳಿದರೆ ಬಾಗಿಲು ಮುಚ್ಚುತ್ತದೆ ಎಂಬುದು ಅವಳು ಈ ಕಸುಬಿನಲ್ಲಿ ಕಲಿತ ಮೊದಲನೆಯ ಪಾಠ. ಹಾಗೆಂದು ಕಚೇರಿಯವರೇನೂ ಆ ಕಥೆಯನ್ನು ನಂಬುತ್ತಿರಲಿಲ್ಲ. ಎಲ್ಲ ಕಲಮೂ ತುಂಬಿದ್ದರೆ ಅವರಿಗೆ ಸಾಕಿತ್ತು.

ಅವಳು ಕಾಗದವನ್ನು ಚೀಲಕ್ಕೆ ತುರುಕಿ ಮೆಟ್ಟಿಲಿಳಿದಳು. ಬೇರೆ ಕೆಲಸವಾಗಿದ್ದರೆ ನಾಳೆ ಬಂದರಾಯಿತು ಎನ್ನಬಹುದಿತ್ತು. ಈ ಸಲ ಚಿತ್ರ ತೆಗೆಯಬೇಕಾಗಿರುವ ವಾಟರ್ ವರ್ಕ್ಸ್ ಆವರಣದ ಹಳೆಯ ಕ್ವಾರ್ಟರ್ಸನ್ನು ನಾಳೆ ಬೆಳಗ್ಗೆ ಕೆಡವುತ್ತಾರೆ. ಬುಲ್ಡೋಜರ್ ನಿನ್ನೆಯೇ ಬಂದು ನಿಂತಿದೆ. ಇವತ್ತು ಸಂಜೆಯೊಳಗೆ ಒಳಗೆ ಹೋಗದಿದ್ದರೆ ಆಮೇಲೆ ಹೋಗಿ ನೋಡುವುದಕ್ಕೆ ಅಲ್ಲಿ ಮಣ್ಣಷ್ಟೇ ಇರುತ್ತದೆ.

ವ್ಯಾನಿನ ಹತ್ತಿರ ಅವಳ ತಮ್ಮ ಕಿಟಕಿಗೆ ಒರಗಿ ಆಕಳಿಸುತ್ತಿದ್ದ. ವ್ಯಾನು ಅವನದೇ, ಓಡಿಸುವವನೂ ಅವನೇ. ಹಿಂದಿನ ಸೀಟಿನಲ್ಲಿ ನಿರ್ದೇಶಕಿ ತೊಡೆಯ ಮೇಲೆ ಕ್ಯಾಮೆರಾದ ಚೀಲ ಇಟ್ಟುಕೊಂಡು ನೆಟ್ಟಗೆ ಕೂತಿದ್ದರು. ಅರವತ್ತೆಂಟು ವರ್ಷ. ಬೆಳ್ಳಗಿನ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದರು. ಚಿತ್ರತಂಡ ಎಂದರೆ ಅವರೊಬ್ಬರೇ. ಹುಟ್ಟಿದ್ದು ಈ ಊರಿನಲ್ಲೇ, ವಾಟರ್ ವರ್ಕ್ಸಿನ ಕ್ವಾರ್ಟರ್ಸಿನಲ್ಲಿ. ತಾಯಿ ಇರಲಿಲ್ಲ. ಎಂಟನೆಯ ವಯಸ್ಸಿನಲ್ಲಿ ತಂದೆಯೂ ಹೋದಮೇಲೆ ಚಿಕ್ಕಮ್ಮ ಬಂದು ಹೊರದೇಶಕ್ಕೆ ಕರೆದುಕೊಂಡು ಹೋದರಂತೆ. ಅಲ್ಲಿಂದಾಚೆ ಈ ಭಾಷೆಯನ್ನು ಮಾತಾಡಲು ಯಾರೂ ಸಿಕ್ಕಿರಲಿಲ್ಲ. ಹಾಗಾಗಿ ಅವರ ಮಾತು ಎಂಟನೆಯ ವಯಸ್ಸಿನಲ್ಲೇ ನಿಂತುಹೋಗಿತ್ತು. ತಮ್ಮ ಅವರಿಗೆ 'ಮಗು ಮೇಡಂ' ಎಂದು ಹೆಸರಿಟ್ಟಿದ್ದ.

"ಕೊಟ್ರಾ ಅಕ್ಕ?" ಎಂದರು ಮಗು ಮೇಡಂ. ತಮಗಿಂತ ಹದಿನೆಂಟು ವರ್ಷ ಚಿಕ್ಕವಳನ್ನು ಅಕ್ಕ ಎನ್ನುವುದು ಅವರಿಗೆ ವಿಚಿತ್ರವೆನಿಸಿರಲಿಲ್ಲ.

"ಕೊಡ್ತಾರೆ, ಕೊಡ್ತಾರೆ. ಒಂದು ಸೀಲು ಬಾಕಿ ಅಷ್ಟೆ."

"ನಿನ್ನೇನೂ ಒಂದು ಅಂದ್ರಿ."

ತಮ್ಮ ಗೇರು ಹಾಕುತ್ತ ಕಿಸಕ್ಕೆಂದ. ಪರ್ಮಿಟ್ಟಕ್ಕ ಅವನನ್ನು ದುರುಗುಟ್ಟಿ ನೋಡಿದಳು.

ವಾಟರ್ ವರ್ಕ್ಸಿನ ಗೇಟಿನಲ್ಲಿ ವ್ಯಾನು ನಿಂತಾಗ ಗಂಟೆ ಎರಡಾಗಿತ್ತು. ಎತ್ತರದ ತಂತಿಬಲೆಯ ಬೇಲಿ, ಅದರಾಚೆ ಹುಲ್ಲು, ನೀರಿನ ತೊಟ್ಟಿಗಳು, ಪಂಪ್ ಹೌಸಿನ ಒಂದೇ ಸಮನಾದ ಗುಂಯ್ ಸದ್ದು. ಎಡಕ್ಕೆ ಒಂದೇ ಸಾಲಿನಲ್ಲಿ ಆರು ಸಣ್ಣ ಮನೆಗಳು. ಕಿಟಕಿ ಬಾಗಿಲುಗಳನ್ನು ಆಗಲೇ ಕಿತ್ತು ಒಂದು ಕಡೆ ಪೇರಿಸಿದ್ದರು. ಪರ್ಮಿಟ್ಟಕ್ಕ ಚೀಲದಲ್ಲಿ ಕಾಗದ ಹುಡುಕುತ್ತಿದ್ದಂತೆಯೇ ಮಗು ಮೇಡಂ ಇಳಿದು ಸೀದಾ ಕಾವಲುಗಾರನ ಹತ್ತಿರ ಹೋಗಿಬಿಟ್ಟರು. ಅವನಿಗೆ ನಲವತ್ತಾಗಿದ್ದರೆ ಹೆಚ್ಚು.

"ಮಾಮ, ನಮ್ಮಪ್ಪ ಇಲ್ಲಿ ವಾಲ್ವ್ ತಿರುಗಿಸ್ತಿದ್ರು. ಅದು ಮೂರನೇದು ನಮ್ಮನೆ."

ಕಾವಲುಗಾರ ಆ ಬಿಳಿಕೂದಲಿನ ಮುದುಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವನು ನಗಲಿಲ್ಲ, ಅದೊಂದು ದೊಡ್ಡತನ.

"ಸ್ಟಾಫಿನವರ ಮಗಳಾ ನೀವು? ಅದನ್ನ ಮೊದ್ಲೇ ಹೇಳ್ಬಾರ್ದಾ! ಮನೆ ಕೆಡವ್ತಾರೆ ಅಂತ ಈ ತಿಂಗಳು ಎಷ್ಟು ಜನ ಬಂದು ನೋಡ್ಕೊಂಡು ಹೋದ್ರು ಗೊತ್ತಾ? ಎಂಜಿನಿಯರ್ ಸಾಹೇಬ್ರ ಹತ್ರ ಮನೆಯವರ ಚೀಟಿ ಅಂತ ಬರೆಸ್ಕೊಂಡು ಬನ್ನಿ. ಐದು ನಿಮಿಷದ ಕೆಲಸ."

ಪರ್ಮಿಟ್ಟಕ್ಕನ ಕೈ ಚೀಲದೊಳಗೇ ನಿಂತುಬಿಟ್ಟಿತು. ಐದು ನಿಮಿಷ! ಹನ್ನೆರಡು ದಿನ ಅವಳು ಪೊಲೀಸ್ ಕಚೇರಿಗೆ, ಅಗ್ನಿಶಾಮಕದವರಿಗೆ, ಆರೋಗ್ಯ ಇಲಾಖೆಗೆ ಅಲೆದು ಚಪ್ಪಲಿ ಸವೆಸಿದ್ದಳು. ಕಂಡಕಂಡವರ ಮುಂದೆ ಹಲ್ಲು ಗಿಂಜಿದ್ದಳು. ಆ ಹೆಂಗಸಿನ ತಂದೆ ಇಲ್ಲಿ ಕೆಲಸಕ್ಕಿದ್ದರು ಎಂಬುದು ಅವಳಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿದ್ದೇ ಮುಚ್ಚಿಟ್ಟಿದ್ದಳು. ಏಕೆಂದರೆ ಆತ ಸತ್ತದ್ದು ಇದೇ ಆವರಣದ ತೊಟ್ಟಿಯಲ್ಲಿ ಬಿದ್ದು. ತೊಟ್ಟಿಗೆ ಬಿದ್ದು ಸತ್ತವನ ಮಗಳು ಕ್ಯಾಮೆರಾ ಹಿಡಿದು ಬಂದಿದ್ದಾಳೆ ಎಂದರೆ ಯಾವ ಅಧಿಕಾರಿ ಬಿಟ್ಟಾನು ಎಂದುಕೊಂಡು, ಜಾಣತನ ಮಾಡಿದೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡು, ಆ ಹಾಳು ಗೆಳೆಯನ ಕಥೆ ಬರೆದಿದ್ದಳು.

ಎಂಜಿನಿಯರ್ ಕೆಟ್ಟ ಮನುಷ್ಯನಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಬಾಯ್ತುಂಬ ಬೈದುಕೊಳ್ಳಬಹುದಿತ್ತು. ಆತ ಗೇಟಿನ ಪಕ್ಕದ ಕೋಣೆಯಲ್ಲಿ ಕುರ್ಚಿ ಕೊಟ್ಟು ಕೂರಿಸಿದ, ನೀರು ಕೊಡಿಸಿದ, ಅವಳು ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿದ. ಆಮೇಲೆ ಫೈಲು ತೆರೆದು ಅವಳ ಅರ್ಜಿಯ ನಕಲನ್ನು ಅವಳ ಕಡೆಗೆ ತಿರುಗಿಸಿದ.

"ಮೇಡಂ, ಇದು ನಿಮ್ಮ ಅಕ್ಷರ ತಾನೆ? ಒಂಬತ್ತನೇ ಕಲಂ ಓದಿ."

ಒಂಬತ್ತನೆಯ ಕಲಮಿನಲ್ಲಿ ಅಚ್ಚಾಗಿತ್ತು: ಚಿತ್ರತಂಡದವರಲ್ಲಿ ಯಾರಿಗಾದರೂ ಈ ಸ್ಥಳದೊಂದಿಗಾಗಲಿ, ಇಲ್ಲಿನ ಸಿಬ್ಬಂದಿಯೊಂದಿಗಾಗಲಿ ಸಂಬಂಧವಿದೆಯೇ? ಅದರ ಮುಂದೆ ಅವಳ ದುಂಡು ಅಕ್ಷರದಲ್ಲಿ 'ಇಲ್ಲ' ಎಂದಿತ್ತು. ಎಂಟಕ್ಕೂ ಹತ್ತಕ್ಕೂ ಹನ್ನೊಂದಕ್ಕೂ ಅವಳು 'ಇಲ್ಲ' ಎಂದೇ ಬರೆದಿದ್ದಳು. ಎಲ್ಲ ಅರ್ಜಿಗಳಲ್ಲೂ ಹಾಗೆಯೇ ಬರೆಯುತ್ತಿದ್ದಳು, ಪ್ರಶ್ನೆ ಓದುವ ಗೋಜಿಗೂ ಹೋಗುತ್ತಿರಲಿಲ್ಲ.

"ಸಂಬಂಧ ಇಲ್ಲ ಅಂತ ಫೈಲು ಹೇಳ್ತಿದೆ. ಇದೇ ಫೈಲಿನ ಮೇಲೆ ಕೂತ್ಕೊಂಡು ಅದೇ ಹೆಂಗಸಿಗೆ ಮನೆಯವರ ಚೀಟಿ ಹೇಗೆ ಬರೀಲಿ? ನಾಳೆ ಯಾರಾದ್ರೂ ಕೇಳಿದ್ರೆ?"

"ಸಾರ್, ಅವ್ರ ಜನನ ಪತ್ರ ಇದೆ. ಅಪ್ಪನ ಹೆಸರು ನಿಮ್ಮ ಹಳೇ ಪುಸ್ತಕದಲ್ಲೇ ಇರತ್ತೆ. ನೋಡಿ ಬೇಕಾದ್ರೆ."

"ಇದೆ. ನೋಡ್ದೆ. ಅವ್ರು ಸುಳ್ಳು ಹೇಳ್ತಿಲ್ಲ. ಹೇಳಿದ್ದು ನೀವು."

ಪರ್ಮಿಟ್ಟಕ್ಕ ಲೋಟದ ನೀರನ್ನು ಗಟಗಟ ಕುಡಿದಳು. ಆ ಹೊತ್ತಿನಲ್ಲಿ ಅವಳಿಗೆ ಎಂಜಿನಿಯರ್ ಮೇಲೆ, ಸೀಲಿನ ಗುಮಾಸ್ತನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ತನ್ನ ಮೇಲೆ ತಡೆಯಲಾರದಷ್ಟು ಸಿಟ್ಟು ಬಂದಿತ್ತು.

"ಒಂದು ಕೆಲಸ ಮಾಡಿ," ಎಂದ ಎಂಜಿನಿಯರ್. "ಸುಮ್ನೆ ಇದ್ದುಬಿಡಿ. ನಿಮ್ಮ ಶೂಟಿಂಗ್ ಅನುಮತಿ ಸೋಮವಾರ ಬರತ್ತೆ, ನಾನೇ ಸೀಲು ಹಾಕಿಸ್ತೀನಿ. ಹೊಸ ಟ್ಯಾಂಕಿದೆ, ತೋಟ ಇದೆ, ಚೆನ್ನಾಗಿ ತೆಕ್ಕೊಳ್ಳಿ. ಮನೆ ಇರಲ್ಲ ಅಷ್ಟೆ."

"ಮನೆ ಬೇಕು ಅಂದ್ರೆ?"

"ಒಂಬತ್ತನೇ ಕಲಂ ಸುಳ್ಳು ಅಂತ ನೀವು ಬರೆದುಕೊಡ್ಬೇಕು. ಆಗ ಶೂಟಿಂಗ್ ಅರ್ಜಿ ವಜಾ ಆಗತ್ತೆ, ಚೀಟಿ ಕೊಡ್ತೀನಿ. ಆದ್ರೆ ಚೀಟಿಯಲ್ಲಿ ಮನೆಯವರು ಮಾತ್ರ ಹೋಗ್ಬಹುದು, ಕ್ಯಾಮೆರಾ ಇಲ್ಲ. ಮತ್ತೆ ನಿಮ್ಮ ಕಾರ್ಡು..." ಆತ ಅವಳ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಕಾರ್ಡನ್ನು ನೋಡಿದ.

ನೋಂದಣಿ ಕಾರ್ಡು ಹೋದರೆ ಯಾವ ಕಚೇರಿಯೂ ಅವಳ ಅರ್ಜಿಯನ್ನು ಮುಟ್ಟುವುದಿಲ್ಲ. ಅದು ಅವಳ ಹೊಟ್ಟೆಪಾಡು, ತಮ್ಮನ ವ್ಯಾನಿನದೂ ಅದೇ.

ಅವಳು ಎದ್ದು ಹೊರಗೆ ಬಂದಳು. ಮಗು ಮೇಡಂ ಬೇಲಿಯ ತಂತಿಗಳೊಳಗೆ ಬೆರಳು ಸಿಕ್ಕಿಸಿ ನಿಂತಿದ್ದರು.

"ಮೇಡಂ, ಒಂದು ಮಾತು. ಫಿಲ್ಮ್ ಬೇಕು ಅಂದ್ರೆ ಮನೆ ಸಿಗಲ್ಲ. ಮನೆ ಬೇಕು ಅಂದ್ರೆ ಫಿಲ್ಮ್ ಆಗಲ್ಲ. ನೀವು ಅಷ್ಟು ದೂರದಿಂದ ಫಿಲ್ಮ್ ಮಾಡಕ್ಕೇ ಬಂದಿರೋದು, ನಿಮ್ಮ ಚಾನೆಲ್ಲಿನವ್ರಿಗೆ ಉತ್ತರ ಹೇಳ್ಬೇಕು, ಯೋಚ್ನೆ ಮಾಡಿ ಹೇಳಿ."

ಮಗು ಮೇಡಂ ಯೋಚನೆ ಮಾಡಲಿಲ್ಲ.

"ನಾನು ಮೊದ್ಲ್ನೇ ದಿನಾನೇ ಹೇಳ್ದೆ ಅಲ್ವಾ ಅಕ್ಕ. ನಂಗೆ ಮನೆಗೆ ಹೋಗ್ಬೇಕು ಅಂತ."

ಹೌದು, ಹೇಳಿದ್ದರು. ವಿಮಾನ ನಿಲ್ದಾಣದಿಂದ ಬರುವ ದಾರಿಯಲ್ಲೇ ಹೇಳಿದ್ದರು, ಇದೇ ಮಾತು, ಇದೇ ದನಿಯಲ್ಲಿ. ಪರ್ಮಿಟ್ಟಕ್ಕ ಆಗ ತನ್ನ ಪುಸ್ತಕ ತೆಗೆದು 'ಲೊಕೇಶನ್: ಕ್ವಾರ್ಟರ್ಸ್, ಒಂದು ದಿನ' ಎಂದು ಬರೆದುಕೊಂಡಿದ್ದಳು. ಅವಳ ಕಿವಿಗೆ ಬಿದ್ದದ್ದು ಅಷ್ಟೆ.

ಕಾರ್ಡಿನ ಸಂಗತಿಯನ್ನು ಅವಳು ಬಾಯಿಬಿಡಲಿಲ್ಲ. ಒಳಗೆ ಹೋಗಿ ಎಂಜಿನಿಯರ್ ಕೊಟ್ಟ ಹಾಳೆಯಲ್ಲಿ ಬರೆದಳು: ಒಂಬತ್ತನೆಯ ಕಲಮಿನಲ್ಲಿ ನಾನು ತಪ್ಪಾಗಿ 'ಇಲ್ಲ' ಎಂದು ಬರೆದಿರುತ್ತೇನೆ. ಆತ ಓದಿ ತಲೆ ಕೆರೆದುಕೊಂಡ.

"'ತಪ್ಪಾಗಿ' ಅಂದ್ರೆ ಆಗಲ್ಲ ಮೇಡಂ. ತಪ್ಪಾಗಿ ಅಂದ್ರೆ ಹೇಗೆ ತಪ್ಪಾಯ್ತು ಅಂತ ವಿಚಾರಣೆ ನಡೀಬೇಕು. ಮೂರು ವಾರ."

"ಮತ್ತೆ?"

"'ಗೊತ್ತಿದ್ದೂ' ಅಂತ ಬರೀರಿ. ಗೊತ್ತಿದ್ದೂ ಮಾಡಿದ್ದಕ್ಕೆ ವಿಚಾರಣೆ ಬೇಕಿಲ್ಲ. ಇವತ್ತೇ ಮುಗಿಯುತ್ತೆ."

ಅವಳಿಗೆ ನಗು ಬಂತು. ಈ ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಕಚೇರಿ ತನ್ನಿಂದ ಪೂರ್ತಿ ನಿಜವನ್ನೇ ಕೇಳಿದ್ದು ಇದೇ ಮೊದಲು. ಇನ್ನೊಂದು ಹಾಳೆ ತೆಗೆದುಕೊಂಡು 'ಗೊತ್ತಿದ್ದೂ' ಎಂದು ಬರೆದಳು. ಸಹಿ ಹಾಕಿ, ಕುತ್ತಿಗೆಯಿಂದ ಕಾರ್ಡು ತೆಗೆದು ಹಾಳೆಯ ಮೇಲಿಟ್ಟಳು. ಎಂಜಿನಿಯರ್ ಅದನ್ನು ಫೈಲಿಗೆ ಪಿನ್ ಮಾಡಿ ಕಚೇರಿಯಿಂದ ಸೀಲು ತರಿಸಲು ಬೀರುವಿನ ಬೀಗದ ಕೈಗೆ ಜೇಬು ತಡಕಿದವನು, ಅರ್ಧಕ್ಕೇ ನೆನಪಾಗಿ, ಚೀಟಿಗೆ ಸೀಲು ಬೇಡವೆಂದು ಬರೀ ಸಹಿ ಹಾಕಿಕೊಟ್ಟ. ಎಲ್ಲ ಸೇರಿ ಐದು ನಿಮಿಷವೂ ಆಗಲಿಲ್ಲ.

ಗೇಟಿನಲ್ಲಿ ಮಗು ಮೇಡಂ ಕ್ಯಾಮೆರಾದ ಚೀಲವನ್ನು ಅವಳ ಹೆಗಲಿಗೆ ಹಾಕಿದರು, ಹೇಗೆ ಹಿಡಿಯಬೇಕೆಂದೂ ಹೇಳಲಿಲ್ಲ. ಕಾವಲುಗಾರ ಪುಸ್ತಕದಲ್ಲಿ ಹೆಸರು ಬರೆಸಿಕೊಂಡು ಗೇಟಿನ ಸಣ್ಣ ಬಾಗಿಲು ತೆರೆದ.

"ಅಕ್ಕ, ನಿನ್ನ ಕಾರ್ಡೆಲ್ಲಿ?" ತಮ್ಮ ಅವಳ ಕುತ್ತಿಗೆಯನ್ನೇ ನೋಡುತ್ತಿದ್ದ.

"ಒಳಗಿದೆ."

"ವಾಪಸ್ ಯಾವಾಗ ಕೊಡ್ತಾರೆ?"

"ಕೊಡಲ್ಲ."

ಅವನು ವ್ಯಾನಿನ ಸುತ್ತ ಒಂದು ಸುತ್ತು ಬಂದ, ಚಕ್ರವೊಂದನ್ನು ಒದ್ದ. ಆಮೇಲೆ ಅವಳ ಪಕ್ಕಕ್ಕೆ ಬಂದು ನಿಂತು ಮೆಲ್ಲಗೆ ಹೇಳಿದ:

"ಕ್ಯಾಮೆರಾ ಹೇಗೂ ನಿನ್ನ ಹತ್ರಾನೇ ಇದೆಯಲ್ಲ. ಇಲ್ಲಿಂದ್ಲೇ ತೆಗೆದುಬಿಡು. ಯಾರು ನೋಡ್ತಾರೆ? ಫಿಲ್ಮ್ ಆದ್ರೂ ಆಗ್ಲಿ."

"ಸುಮ್ನೆ ಇರೋ."

ಬೇಲಿಯಾಚೆ ಮಗು ಮೇಡಂ ಹುಲ್ಲಿನ ನಡುವಿನ ಕಾಲುದಾರಿಯಲ್ಲಿ ಹೋಗುತ್ತಿದ್ದರು. ಮೊದಲ ಮನೆ ದಾಟಿದರು, ಎರಡನೆಯದನ್ನೂ ದಾಟಿದರು. ಮೂರನೆಯ ಮನೆಗೆ ಬಾಗಿಲಿರಲಿಲ್ಲ, ಚೌಕಟ್ಟೂ ಇರಲಿಲ್ಲ. ಇಟ್ಟಿಗೆ ಕಿತ್ತುಬಂದ ಗೋಡೆಯ ನಡುವೆ ಬಾಗಿಲಿನಳತೆಯ ಒಂದು ತೆರಪು ಮಾತ್ರ ಇತ್ತು. ಒಳಗೆ ನೆಲವೆಲ್ಲ ಗಾರೆಯ ಚೂರು, ಒಡೆದ ಹೆಂಚು. ಆಚೆ ಬದಿಯಲ್ಲಿ ಬುಲ್ಡೋಜರಿನ ಹಳದಿ ಮೂತಿ ಕಾಣುತ್ತಿತ್ತು. ಮಗು ಮೇಡಂ ಮೆಟ್ಟಿಲ ಹತ್ತಿರ ನಿಂತು ಬಗ್ಗಿದರು. ಏನೋ ಬಿದ್ದಿರಬೇಕೆಂದು ಪರ್ಮಿಟ್ಟಕ್ಕ ಬೇಲಿಗೆ ಇನ್ನಷ್ಟು ಹತ್ತಿರವಾದಳು.

ಅವರು ಶೂ ಬಿಚ್ಚುತ್ತಿದ್ದರು. ಗೋಡೆಗೆ ಕೈ ಊರಿ, ಒಂದಾದ ಮೇಲೊಂದು ಎರಡನ್ನೂ ಬಿಚ್ಚಿದರು. ಬಂದು ಹೋಗುವವರ ಕಾಲಿಗೆ ಸಿಗದ ಹಾಗೆ ಅವನ್ನು ಗೋಡೆಯ ಬದಿಗೆ ಒತ್ತರಿಸಿ ಜೋಡಿಸಿಟ್ಟು, ಬರಿಗಾಲಿನಲ್ಲಿ ಒಳಗೆ ಹೋದರು.