ಬೇಡಮ್ಮನ ಮೊದಲ ಇಳಿತ

ಬೋರಿಸ್‌ಗೆ ಮನೆಯಲ್ಲಿ ಮಲಗಲು ಮೂರು ಕಡೆ ಹಾಸಿಗೆ ಇತ್ತು. ಮೂರರಲ್ಲೂ ಅವನು ಮಲಗುತ್ತಿರಲಿಲ್ಲ. ನೆಲದ ಮೇಲೆ ಯಾರ ಕೋಟು ಬಿದ್ದಿದೆ, ಯಾರ ಶಾಲೆಯ ಚೀಲ ಬಾಯಿ ತೆರೆದುಕೊಂಡಿದೆ ಎಂದು ಹುಡುಕಿ ಅದರ ಮೇಲೆಯೇ ಮಲಗುವುದು ಆ ಬಿಳಿ ನಾಯಿಯ ಅಭ್ಯಾಸ. ಶನಿವಾರ ಅವನಿಗೆ ಸಿಕ್ಕಿದ್ದು ಟ್ಯಾನಿಸ್ ಮಾರ್ಕಿನ್‌ಳ ಸ್ಕಿನ್‌ಗಳು.

ಬೆಟ್ಟ ಹತ್ತುವಾಗ ಸ್ಕೀಯ ತಳಕ್ಕೆ ಅಂಟಿಸುವ ಉದ್ದನೆಯ ಪಟ್ಟಿಗಳವು. ಒಂದು ಮೈ ತುಂಬ ಒತ್ತಾದ ಗಿಡ್ಡ ರೋಮ. ಹಿಂದಕ್ಕೆ ಜಾರದಂತೆ ಹಿಮವನ್ನು ಕಚ್ಚಿ ಹಿಡಿಯುತ್ತದೆ. ಇನ್ನೊಂದು ಮೈ ತುಂಬ ಅಂಟು. ಟ್ಯಾನಿಸ್ ಅವನ್ನು ಒಲೆಯ ಮೇಲಿನ ದಾರಕ್ಕೆ ನೇತುಹಾಕಿದ್ದಳು. ಅದೇ ದಾರಕ್ಕೆ ಮಕ್ಕಳು ತಮ್ಮ ಒದ್ದೆ ಕೈಗವಸು, ಕಾಲುಚೀಲ ಎಲ್ಲ ಸಿಕ್ಕಿಸಿದರು, ದಾರ ಕಿತ್ತು ಬಂತು. ಸ್ಕಿನ್‌ಗಳು ಅಂಟು ಮೇಲಾಗಿ ಬಿದ್ದವು. ಬೋರಿಸ್ ಬಂದು ನಿಧಾನವಾಗಿ ಎರಡು ಸುತ್ತು ಸುತ್ತಿ ಅವುಗಳ ಮೇಲೆ ಮೈಚಾಚಿದ. ಬೆಳಿಗ್ಗೆ ಮಕ್ಕಳ ಗಂಜಿ, ಗಂಡನಿಗೆ ಹೇಳಬೇಕಾದ ಹತ್ತಾರು ಸೂಚನೆಗಳ ನಡುವೆ ಟ್ಯಾನಿಸ್ ಅವನ್ನು ಎತ್ತಿ, ನೋಡದೆ ಮಡಚಿ, ಚೀಲಕ್ಕೆ ತುರುಕಿದಳು.

ನೋಡಲು ಅವಳಿಗೆ ಪುರುಸೊತ್ತೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಒಂದು ಹಾಸಿಗೆ ಮಾತ್ರ.

ಪ್ರತಿ ಮಾರ್ಚ್‌ನಲ್ಲಿ ಲಾರ್ನ್ ಹಾಲ್ವರ್ಸನ್ ಬೆಟ್ಟದ ಮೇಲಿನ ಕಣಿವೆಯ ಕ್ಯಾಬಿನ್‌ಗೆ ತನ್ನ ಗುಂಪನ್ನು ವಾರದ ಮಟ್ಟಿಗೆ ಕರೆದೊಯ್ಯುತ್ತಾನೆ. ಅಲ್ಲಿ ಹಾಸಿಗೆಗಳು ಲೆಕ್ಕಕ್ಕೆ ಇದ್ದಷ್ಟೇ. ಎರಡನೆಯ ಮಗು ಹುಟ್ಟುವವರೆಗೆ ಅವುಗಳಲ್ಲೊಂದು ಟ್ಯಾನಿಸ್‌ಳದಾಗಿತ್ತು. ಆಮೇಲೆ ಅದು ಗುಂಪಿಗೆ ಹೊಸದಾಗಿ ಸೇರಿದ ಕೆನ್‌ಗೆ ಹೋಯಿತು. ಕಳೆದ ಶರತ್ಕಾಲದಲ್ಲಿ ಕೆನ್ ಸಮುದ್ರ ತೀರದ ಕಡೆ ಮನೆ ಬದಲಾಯಿಸಿದ. ಹೋದ ವಾರ ಲಾರ್ನ್ ಫೋನ್ ಮಾಡಿ, "ಭಾನುವಾರ ನಮ್ಮ ಜೊತೆ ಬಾ, ನೋಡೋಣ" ಎಂದಿದ್ದ. ಶಾಲೆಯ ಬಸ್ಸು ಓಡಿಸುತ್ತ ವಾರವಿಡೀ ಅವಳು ಆ "ನೋಡೋಣ"ವನ್ನೇ ಜಗಿದಳು. ಏನು ನೋಡುತ್ತಾನೆ? ಮೊಣಕಾಲನ್ನೋ, ಉಸಿರನ್ನೋ?

ಅವಳಿಗೆ ಅನುಮಾನ ಇದ್ದದ್ದು ಬೇರೆಯದರ ಮೇಲೆ. ಲಾರ್ನ್‌ನ ಗುಂಪಿನಲ್ಲಿ ಒಂದು ಪದ್ಧತಿಯಿದೆ: ಯಾರಾದರೂ ಒಬ್ಬರು "ಬೇಡ" ಎಂದರೆ ಎಲ್ಲರೂ ಹಿಂದಿರುಗಬೇಕು. ಬೆಟ್ಟದ ಮೇಲಿರುವಷ್ಟು ಹೊತ್ತು ಕಾರಣ ಕೇಳುವಂತಿಲ್ಲ. ಬೇಡ ಅನ್ನಲು ಯಾರೂ ಅಳುಕದಿರಲಿ ಎಂದು, ಹಾಗೆ ಅಂದವರಿಗೇ ಕಾಡಿನೊಳಗೆ ಮೊದಲು ಇಳಿಯುವ ಹಕ್ಕು. ಯಾರೂ ತುಳಿಯದ ಹಿಮ ಅವರದು. ಹಿಂದೆ ಈ ಹಕ್ಕನ್ನು ಟ್ಯಾನಿಸ್ ಎಷ್ಟು ಸಲ ಬಳಸಿದ್ದಳೆಂದರೆ ಅವಳ ಹೆಸರೇ ಬೇಡಮ್ಮ ಎಂದಾಗಿತ್ತು. ಮೊದಲ ಇಳಿತದ ಆಸೆಗೇ ಬೇಡ ಅನ್ನುತ್ತಾಳೆ ಎಂದು ಗುಂಪಿನ ಜೋಸೆಟ್ ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ಅಂಥವಳನ್ನು ವಾರಪೂರ್ತಿ ಯಾರು ಕಟ್ಟಿಕೊಂಡಾರು? ಆದ್ದರಿಂದ ಟ್ಯಾನಿಸ್ ಈ ಸಲ ಒಂದು ಪಣ ತೊಟ್ಟಿದ್ದಳು. ಭಾನುವಾರ ತನ್ನ ಬಾಯಿಂದ ಆ ಮಾತು ಒಮ್ಮೆಯೂ ಹೊರಡಕೂಡದು.

ರಸ್ತೆ ಮುಗಿಯುವಲ್ಲಿ ಲಾರ್ನ್‌ನ ಟ್ರಕ್ ನಿಂತಿತ್ತು. ಅವನು ಕೈಯಲ್ಲಿ ಬೀಕನ್ ಹಿಡಿದು ದಾರಿಗೆ ಅಡ್ಡ ನಿಂತಿದ್ದ. ಹಿಮದಡಿ ಹೂತುಹೋದರೆ ಹುಡುಕಲು ಪ್ರತಿಯೊಬ್ಬರೂ ಎದೆಗೆ ಕಟ್ಟಿಕೊಳ್ಳುವ ಯಂತ್ರ ಅದು. ಒಬ್ಬೊಬ್ಬರಾಗಿ ಅವನ ಮುಂದೆ ಹಾದುಹೋಗಬೇಕು, ಅವನ ಯಂತ್ರ ಕೂಗಬೇಕು.

ಟ್ಯಾನಿಸ್ ಹಾದಾಗ ಅದು ಕೂಗಿತು.

"ಬ್ಯಾಟರಿ ಜೀವಂತ ಇದೆ," ಎಂದ ಲಾರ್ನ್. "ನೀನೂ ಇದ್ದೀಯ ಅಂದ್ಕೋತೀನಿ. ಸಲಿಕೆ?"

"ಇದೆ."

"ಹಿಮ ಚುಚ್ಚಿ ಹುಡುಕೋ ಕೋಲು?"

"ಇದೆ ಮಾರಾಯ. ಮೂರು ವರ್ಷ ಮಕ್ಕಳನ್ನ ಸಾಕ್ದೆ, ಬುದ್ಧಿ ಮಾರ್ಕೊಂಡಿಲ್ಲ."

ಆ ಮಾತು ಮುಗಿಸಿ ಅವಳು ಚೀಲದಿಂದ ಸ್ಕಿನ್ ಎಳೆದಳು. ಅಂಟಿಗೆ ಅಂಟು ಕೂತ ಮಡಿಕೆ ಬಲವಾಗಿ ಎಳೆದರೆ ಮಾತ್ರ ಬಿಡಬೇಕು. ಇವು ಹಳೆಯ ಪುಸ್ತಕದ ಹಾಳೆಗಳಂತೆ ಸಲೀಸಾಗಿ ತೆರೆದುಕೊಂಡವು. ಒಳಗೆ, ತುದಿಯಿಂದ ತುದಿಗೆ, ಬೋರಿಸ್.

ಜೋಸೆಟ್ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಮಾತ್ರೆಯ ಚೀಟಿ ಓದುವ ಮುಖದಲ್ಲೇ ಬಂದು ಬಗ್ಗಿ ನೋಡಿದಳು. "ಇದು ಎರಡೂ ಕಡೆ ರೋಮ ಇರೋ ಹೊಸ ಮಾಡೆಲ್ಲಾ?"

"ಚಳಿಗೆ ಹೊದ್ಕೊಳ್ಳೋದಿರಬೇಕು," ಎಂದ ಲಾರ್ನ್. "ಬಿಚ್ಚಬೇಡ ಪಾಪ, ಇನ್ನೂ ಬೆಚ್ಚಗಿರಬಹುದು."

ಟ್ಯಾನಿಸ್‌ಳ ಕಿವಿ ಕೆಂಪಾಯಿತು. ಟ್ರಕ್‌ನ ಹಿಂಬದಿಯಲ್ಲಿ ಕೂತು ಕೂದಲು ಕೀಳತೊಡಗಿದಳು. ಒಂದು ಹಿಡಿ ಕಿತ್ತರೆ ಇನ್ನೊಂದು ಹಿಡಿ ಬೆರಳಿಗೇ ಅಂಟುತ್ತಿತ್ತು. ಕೊನೆಗೆ ಲಾರ್ನ್ ತನ್ನ ಚೀಲದಿಂದ ನಾಲ್ಕು ರಬ್ಬರ್ ಬೆಲ್ಟ್ ತೆಗೆದು, ಸ್ಕಿನ್ ಸಮೇತ ಸ್ಕೀಗೆ ಸುತ್ತಿ ಬಿಗಿದುಕೊಟ್ಟ. ಮುರಿದ ಕಾಲಿಗೆ ಕಟ್ಟು ಹಾಕಿದ ಹಾಗೆ ಕಾಣಿಸಿತು.

"ಕಾಡಿನ ತನಕ ಹಿಡಿಯುತ್ತೆ," ಎಂದ. "ಆಮೇಲೆ ನಿನ್ನ ನಾಯಿಯ ಪುಣ್ಯ."

ಬೋರಿಸ್‌ನ ಪುಣ್ಯ ಅಷ್ಟೇನೂ ಇರಲಿಲ್ಲ. ದೇವದಾರು ಮರಗಳ ನಡುವೆ ದಾರಿ ಬಳಸಿ ಬಳಸಿ ಏರುತ್ತಿದ್ದಂತೆ ಎಡಗಾಲಿನ ಸ್ಕಿನ್ ಹಿಂಬದಿಯಿಂದ ಬಿಟ್ಟುಕೊಂಡು ಬಾಲದಂತೆ ಎಳೆದಾಡಿತು. ಅವಳು ನಿಂತು ಕಟ್ಟಿದಳು. ತಿರುವಿನಲ್ಲಿ ಬಲಗಾಲಿನದು ಬಿಟ್ಟಿತು. ಮತ್ತೆ ನಿಂತಳು. ಪ್ರತಿ ಸಲ ನಿಂತಾಗಲೂ ಮುಂದಿನಿಂದ ಜೋಸೆಟ್ ತಿರುಗಿಯೂ ನೋಡದೆ ಮೆಲ್ಲಗೆ ಒಂದು "ಬೌ" ಎನ್ನುತ್ತಿದ್ದಳು. ಟ್ಯಾನಿಸ್ ನಕ್ಕಳು. ನಗುವಷ್ಟು ಉಸಿರು ಉಳಿದಿದೆಯಲ್ಲ ಎಂಬುದೇ ಅವಳಿಗೆ ಸಮಾಧಾನ. ಕಾಲು ನೋಯುತ್ತಿರಲಿಲ್ಲ, ಮೈ ಹಳೆಯ ಲಯಕ್ಕೆ ಬಂದಿತ್ತು. ಹಾಸಿಗೆ ಸಿಕ್ಕೀತು ಎಂದು ಮೊದಲ ಬಾರಿಗೆ ಅನ್ನಿಸಿತು.

ಮರಗಳು ಮುಗಿದ ಮೇಲೆ ಏಣು, ಬೆಟ್ಟದ ಚೂಪಾದ ನೆತ್ತಿ. ಏಣಿನಾಚೆ ಎಲ್ಲರೂ ದೊಡ್ಡ ಬೋಗುಣಿ ಎಂದು ಕರೆಯುವ ಇಳಿಜಾರು. ಮೂರು ಕಡೆ ಬಂಡೆ, ನಡುವೆ ಒಂದು ಗೀರೂ ಇಲ್ಲದ ಹಿಮ, ಅದರ ಮೇಲೆ ಬೆಳಗಿನ ಬಿಸಿಲು. ಲಾರ್ನ್ ಮತ್ತು ಜೋಸೆಟ್ ಆಗಲೇ ಅಂಚಿನಲ್ಲಿ ನಿಂತು ಕೋಲು ತೋರಿಸಿ ದಾರಿ ಹಂಚಿಕೊಳ್ಳುತ್ತಿದ್ದರು.

"ಎಡಗಡೆ ನಂದು," ಎನ್ನುತ್ತಿದ್ದಳು ಜೋಸೆಟ್. "ನೀನು ಮುದುಕ, ನಿಂಗೆ ನಡುವಿನದು ಸಾಕು."

ಅವರಿಂದ ಸ್ವಲ್ಪ ಹಿಂದೆ, ಏಣಿನ ಮಗ್ಗುಲಲ್ಲಿ, ಟ್ಯಾನಿಸ್‌ಳ ಎಡಗಾಲಿನ ಸ್ಕಿನ್ ಪೂರ್ತಿ ಕಳಚಿತು. ಅವಳು ಮಂಡಿಯೂರಿ ಕೂತಳು. ಏಳಲು ಆಸರೆಗೆಂದು ಸ್ಕೀ ಕೋಲನ್ನು ತಲೆಕೆಳಗಾಗಿ ಹಿಡಿದು ಹಿಮಕ್ಕೆ ಒತ್ತಿದಳು. ಮೇಲುಪದರ ಗಟ್ಟಿಯಾಗಿತ್ತು, ಒತ್ತಿದಷ್ಟೂ ತಡೆಯಿತು. ಆಮೇಲೆ ಒಮ್ಮೆಗೇ ಕೋಲು, ಏನೂ ಇಲ್ಲದ ಕಡೆಗೆ ಹೋದ ಹಾಗೆ, ಹಿಡಿದ ಕೈಯವರೆಗೆ ಜಾರಿತು. ಪಕ್ಕದಲ್ಲಿ ಒತ್ತಿದಳು. ಅದೇ. ಕೈಮುಷ್ಟಿಯಿಂದ ಗುದ್ದಿದಳು. ಒಳಗೆ ಪೊಳ್ಳು ಸದ್ದು.

ರಾತ್ರಿ ಗಾಳಿ ಆಚೆ ಬದಿಯ ಹಿಮವನ್ನೆಲ್ಲ ತಂದು ಇಲ್ಲಿ ಚಪ್ಪಡಿಯಂತೆ ಹೊದಿಸಿದೆ. ಕೆಳಗೆ ಹಳೆಯ ಹಿಮ ಸಕ್ಕರೆಯ ಹಾಗೆ ಉದುರುದುರು. ಹೀಗಿದೆಯೆಂದ ಮಾತ್ರಕ್ಕೆ ಕುಸಿಯಲೇಬೇಕೆಂದಿಲ್ಲ. ಬೆಳಗಿನ ವರದಿಯೂ ಹೆದರಿಸುವಂಥದ್ದೇನೂ ಹೇಳಿರಲಿಲ್ಲ. ಲಾರ್ನ್ ಈ ಬೋಗುಣಿಯನ್ನು ಅವಳು ಹುಟ್ಟುವ ಮೊದಲಿಂದ ನೋಡಿದವನು.

ಈಗ ಬೇಡ ಅಂದರೆ ಏನಂದುಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು. ಸ್ಕಿನ್ ಕೈಕೊಟ್ಟಿತು, ಸುಸ್ತಾಯಿತು, ಬೇಡ ಅಂದಳು. ಇಲ್ಲವೇ ಮನೆಯಲ್ಲಿ ಎರಡು ಮಕ್ಕಳು, ಜೀವ ಮೊದಲಿನಂತಿಲ್ಲ. ಎರಡರಲ್ಲಿ ಯಾವುದಾದರೂ ಹಾಸಿಗೆ ಹೋದ ಹಾಗೇ.

ಅವಳು ಹೋಗಿ ಅವರ ಪಕ್ಕ ನಿಂತಳು. ಲಾರ್ನ್ ಯಾವಾಗಲೂ ಮಾಡುವಂತೆ ಒಬ್ಬೊಬ್ಬರನ್ನೇ ಕೇಳಿದ.

"ಜೋಸೆಟ್?"

"ನಂಗೆ ಸರಿ."

"ನಂಗೂ ಸರಿ. ಬೇಡಮ್ಮ?"

ಟ್ಯಾನಿಸ್ ಬಾಯಿ ತೆರೆದಳು. "ಸರಿ" ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಬೆಳಿಗ್ಗೆಯಿಂದ ಅಲ್ಲೇ ತಯಾರಾಗಿ ಕೂತಿತ್ತು. ಕೋಲು ಕೆಳಗಿಳಿದಾಗ ಅಂಗೈಗೆ ಸಿಕ್ಕಿದ್ದ ಆ ಖಾಲಿತನ ಇನ್ನೂ ಕೈಯಲ್ಲೇ ಇತ್ತು.

"ಬೇಡ," ಎಂದಳು.

ಜೋಸೆಟ್ ಎಡಗಡೆಯ ತನ್ನ ಇಳಿಜಾರನ್ನು, ಅಂಗಡಿಯ ಗಾಜಿನಾಚೆಯ ಬಟ್ಟೆಯನ್ನು ನೋಡುವಂತೆ ಒಮ್ಮೆ ನೋಡಿದಳು. ಲಾರ್ನ್ ಆಗಲೇ ಬಗ್ಗಿ ತನ್ನ ಸ್ಕಿನ್ ಕಳಚುತ್ತಿದ್ದ.

"ಕಾಡಿಗೆ ಹೋಗೋಣ," ಎಂದ. "ಮೊದಲು ನೀನು. ಬೀಳಬೇಡ, ಹಿಂದಿನಿಂದ ನಾವು ನೋಡ್ತಿರ್ತೀವಿ."

ಟ್ಯಾನಿಸ್‌ಗೆ ಕಣ್ಣು ಉರಿಯುತ್ತಿತ್ತು. ಆದರೆ ಮರಗಳ ನಡುವೆ ಹಿಮ ಮೆತ್ತಗಿತ್ತು, ಆಳವಾಗಿತ್ತು, ಅವಳೊಬ್ಬಳದಾಗಿತ್ತು. ಮೊದಲ ತಿರುವಿನಲ್ಲಿ ಅವಳಿಗೆ ದುಃಖವಾಗುತ್ತಿತ್ತು, ಮೂರನೆಯ ತಿರುವಿನಲ್ಲಿ ಅದು ನೆನಪಿರಲಿಲ್ಲ. ಹಿಮ ಎದೆಯವರೆಗೆ ಎದ್ದು ಮುಖಕ್ಕೆ ಹೊಡೆಯಿತು. ಬಾಯಿಗೂ ಹೋಯಿತು. ಕೆಳಗಿನ ಬಯಲಿಗೆ ಬಂದು ನಿಂತಾಗ ಹಲ್ಲಿನ ಸಂದಿಯಲ್ಲಿ ಒಂದು ಬಿಳಿ ಕೂದಲಿತ್ತು.

ಎರಡನೆಯವಳಾಗಿ ಇಳಿದು ಬಂದ ಜೋಸೆಟ್ ಅವಳ ಪಕ್ಕ ನಿಂತಳು. ಕಾರಣ ಕೇಳಲಿಲ್ಲ, ಇನ್ನೂ ಬೆಟ್ಟದ ಮೇಲೇ ಇದ್ದರಲ್ಲ. ಲಾರ್ನ್ ಇಳಿಯುವುದನ್ನು ನೋಡುತ್ತ ತನ್ನ ಪಾಡಿಗೆ ಹೇಳಿದಳು.

"ಹೋದ ವರ್ಷ ಫೆಬ್ರವರೀಲಿ ಅದೇ ಬೋಗುಣಿ. ನಾನು, ಕೆನ್, ಇವನು. ನಂಗೆ ಬೇಡ ಅನ್ನಿಸಿತ್ತು ಕಣೇ. ಕೆನ್‌ಗೂ ಅನ್ನಿಸಿತ್ತಂತೆ. ಇವನಿಗೂ ಅಂತೆ. ಒಬ್ಬರ ಮುಖ ಒಬ್ಬರು ನೋಡ್ಕೊಂಡು ಮೂರು ಜನಾನೂ ಸರಿ ಅಂದ್ವಿ."

"ಆಮೇಲೆ?"

"ಆಮೇಲೇನು. ಹಿಮ ಕುಸಿದು ಇವನು ಸೊಂಟದ ತನಕ ಹೂತುಹೋದ. ನಾವು ತೋಡಿ ತೆಗೆದ್ವಿ. ಒಂದು ಸ್ಕೀ ಇವತ್ತಿಗೂ ಸಿಕ್ಕಿಲ್ಲ."

"ನಂಗ್ಯಾರೂ ಹೇಳಲೇ ಇಲ್ಲ."

"ಅವನು ಯಾರಿಗೆ ಹೇಳ್ತಾನೆ? ಹೊಸ ಸ್ಕೀ ಕೊಳ್ಳೋಕೆ ಹೋದಾಗ ಹಳೇದು ಎಲ್ಲೋ ಬಿಟ್ಟೆ ಅಂದನಂತೆ, ಬಸ್ಸಲ್ಲಿ ಛತ್ರಿ ಬಿಟ್ಟ ಹಾಗೆ."

ಲಾರ್ನ್ ಬಂದು ನಿಂತು ಮೀಸೆಯ ಹಿಮ ಕೊಡವಿದ. "ನನ್ನ ಬಗ್ಗೆ ಏನು ಮಾತು?"

"ನೀನು ಚೆನ್ನಾಗಿ ಇಳಿದೆ ಅಂತ," ಎಂದಳು ಜೋಸೆಟ್.

"ಸುಳ್ಳು."

ಟ್ರಕ್‌ನ ಬಾಗಿಲು ಹಾಕಿಕೊಂಡ ಮೇಲೆ ಲಾರ್ನ್ ಹೀಟರ್ ಹಾಕಿ ಫ್ಲಾಸ್ಕಿನ ಚಹಾ ಬಗ್ಗಿಸಿದ. ಈಗ ಕೇಳಬಹುದಿತ್ತು.

"ಹೇಳು."

ಟ್ಯಾನಿಸ್ ಕೋಲಿನ ವಿಷಯ ಹೇಳಿದಳು; ಮೇಲಿನ ಚಪ್ಪಡಿ, ಕೆಳಗಿನ ಪೊಳ್ಳು. ಅವನು ಚಹಾ ಮುಗಿಯುವವರೆಗೆ ಕೇಳಿಸಿಕೊಂಡ.

"ನೀನು ಸ್ಕಿನ್ ಬಿತ್ತು ಅಂತ ಕೂತೆ. ಕೂತಿದ್ದಕ್ಕೆ ಗೊತ್ತಾಯ್ತು."

"ಹೂಂ."

"ಹಾಗಾದ್ರೆ ಬೇಡ ಅಂದಿದ್ದು ಬೋರಿಸ್. ಮೊದಲ ಇಳಿತ ಅವನಿಗೆ ಸಿಗಬೇಕಿತ್ತು."

ಹಾಸಿಗೆಯ ಮಾತು ಅವನು ಎತ್ತಲಿಲ್ಲ. ಅವಳೂ ಕೇಳಲಿಲ್ಲ.

ಮರುದಿನ ಸಂಜೆ ಬಸ್ಸು ನಿಲ್ಲಿಸಿ ಮನೆಗೆ ಬಂದ ಟ್ಯಾನಿಸ್ ಇಸ್ತ್ರಿ ಮಾಡತೊಡಗಿದಳು. ಇಸ್ತ್ರಿ ಮಾಡುತ್ತಿದ್ದದ್ದು ಅಂಗಿಯನ್ನಲ್ಲ. ಸ್ಕಿನ್‌ನ ಅಂಟಿನ ಮೇಲೆ ದಿನಸಿ ಅಂಗಡಿಯ ಕಂದು ಕಾಗದ ಹಾಸಿ, ಬಿಸಿ ಒತ್ತಿ, ತಣಿದ ಮೇಲೆ ಎಳೆದರೆ ಕೂದಲೆಲ್ಲ ಕಾಗದಕ್ಕೆ ಬರುತ್ತದೆ. ಬೋರಿಸ್ ಮೇಜಿನಡಿ ಕೂತು, ತನ್ನದೇ ವಾಸನೆ ಎಲ್ಲಿಂದ ಬರುತ್ತಿದೆಯೆಂದು ಮೂಗು ಎತ್ತಿ ಎತ್ತಿ ನೋಡುತ್ತಿದ್ದ. ಆಗ ಜೋಸೆಟ್ ಫೋನಿಗೆ ಒಂದು ಫೋಟೋ ಕಳಿಸಿದಳು.

ದೊಡ್ಡ ಬೋಗುಣಿ. ಅದರ ಮೇಲೆ ನಾಲ್ಕು ಜೊತೆ ಗೀರು, ಮೇಲಿನಿಂದ ಕೆಳಗಿನ ತನಕ, ಹೊಸ ಪಿಂಗಾಣಿಯ ಮೇಲೆ ಬಿಡಿಸಿದಂತೆ. ಬೆಳಿಗ್ಗೆ ಪಕ್ಕದೂರಿನ ಹುಡುಗರು ಇಳಿದಿದ್ದರು. ಒಂದು ಹಿಡಿ ಹಿಮವೂ ಅಲುಗಿರಲಿಲ್ಲ. ಕೆಳಗೆ ನಾಲ್ವರೂ ಸಾಲಾಗಿ ನಿಂತು ಹಲ್ಲು ಬಿಟ್ಟಿದ್ದರು.

ಟ್ಯಾನಿಸ್ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕುರ್ಚಿಯಲ್ಲಿ ಕೂತಳು. ಹಾಸಿಗೆ ಹೋಯಿತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಲಾರ್ನ್.

"ನೋಡಿದ್ಯಾ?"

"ನೋಡಿದೆ."

"ಗೆರೆ ಚೆನ್ನಾಗಿದೆ."

"ಚೆನ್ನಾಗಿದೆ," ಎಂದಳು.

"ಎಡಗಡೆಯವನನ್ನ ಬಿಟ್ಟು. ಅವನು ಕಕ್ಕಸಿನ ಮೇಲೆ ಕೂತ ಹಾಗೆ ಇಳಿದಿದ್ದಾನೆ." ಆಚೆ ಕಡೆ ಏನನ್ನೋ ಅಗಿಯುವ ಸದ್ದು. "ಕ್ಯಾಬಿನ್‌ನಲ್ಲಿ ಎರಡನೇ ದಿನದ ಅಡುಗೆ ನಿಂದು. ನಿಮ್ಮಜ್ಜಿ ಮಾಡ್ತಿದ್ದ ಬೋರ್ಷ್ ಸಾರು. ಬೆಣ್ಣೆ, ಕೆನೆ ಎರಡೂ ಕಡಿಮೆ ಮಾಡೋ ಹಾಗಿಲ್ಲ."

ಟ್ಯಾನಿಸ್ ಕುರ್ಚಿಯಿಂದ ಎದ್ದಳು. "ಅಂದ್ರೆ ಹಾಸಿಗೆ ನಂಗಾ?"

"ಮತ್ತೆ ನಿನ್ನ ನಾಯಿಗಾ?"

"ಆ ಹುಡುಗರು ಇಳಿದರಲ್ಲ, ಲಾರ್ನ್. ಏನೂ ಆಗಲಿಲ್ಲ."

"ಹೋದ ವರ್ಷ ನಮ್ಮಲ್ಲೂ ಇಬ್ಬರಿಗೆ ಏನೂ ಆಗಲಿಲ್ಲ," ಎಂದ ಅವನು. ಸ್ವಲ್ಪ ತಡೆದು, "ಜೋಸೆಟ್ ಹೇಳಿರ್ತಾಳೆ. ಅವಳ ಬಾಯೀಲಿ ಮಾತ್ರೆ ಒಂದೇ ನಿಲ್ಲೋದು." ಮತ್ತೆ ಅಗಿದ. "ನಮಗೆ ಸರಿ ಅನ್ನೋರು ಬೇಕಾದಷ್ಟು ಜನ ಇದ್ದಾರೆ ಕಣಮ್ಮ. ಹಾಂ, ಇನ್ನೊಂದು. ಒಲೆ ಪಕ್ಕದ ಹಾಸಿಗೆ ನಂದು. ನಿಂದು ಬಾಗಿಲ ಪಕ್ಕದ್ದು. ಗಾಳಿ ಒಂಚೂರು ನುಗ್ಗುತ್ತೆ, ಟೋಪಿ ಹಾಕ್ಕೊಂಡು ಮಲಗು."

ಟ್ಯಾನಿಸ್ ಕಂದು ಕಾಗದದ ತುದಿ ಹಿಡಿದು ನಿಧಾನವಾಗಿ ಎಳೆದಳು. ಅರ್ಧ ಬೋರಿಸ್ ಅದರ ಜೊತೆಗೆ ಎದ್ದು ಬಂದ.

"ಬೇಡ," ಎಂದಳು.

"ಏನು ಬೇಡ?"

"ಬಾಗಿಲ ಪಕ್ಕದ್ದು ಬೇಡ."

"ಯಾಕೆ?"

"ಕೇಳೋ ಹಾಗಿಲ್ಲ."

"ಅದು ಬೆಟ್ಟದ ಮೇಲೆ," ಎಂದ ಲಾರ್ನ್.

"ಕ್ಯಾಬಿನ್ ಎಲ್ಲಿದೆ?"

ಆಚೆ ಕಡೆ ಅಗಿಯುವುದು ನಿಂತಿತು.